ಕಾರಿನ ಕಂಪನಿ ಸ್ಟೀರಿಯೋ ತೆಗೆದು ಆಂಡ್ರಾಯ್ಡ್ ಸೆಟ್ ಹಾಕಿಸ್ತಿದ್ದೀನಿ, 2 ಜಿಬಿ ರ‍್ಯಾಮ್ ಸಾಕಾ, 4 ಜಿಬಿ ಬೇಕಾ?

ಸೌಂಡ್ ಚೆನ್ನಾಗಿಲ್ಲ, ಕಾರಿನ ಜೊತೆ ಬಂದ ಸೆಟ್ ತೆಗೆಸಿ ಆಂಡ್ರಾಯ್ಡ್ ಟಚ್‌ಸ್ಕ್ರೀನ್ ಸೆಟ್ ಹಾಕಿಸ್ತೀನಿ, ಯಾವ ಕಂಪನಿದು, ಎಷ್ಟು ಜಿಬಿದು ತಗೊಳ್ಳಲಿ ಅಂತ ಕೇಳಿದ್ದೀರಿ. ಅದರಲ್ಲೇ ‘ಅಂಗಡಿಯವರು ವೈರ್ ಜಾಯಿಂಟ್ ಮಾಡಿ ಅರ್ಧ ಗಂಟೇಲಿ ಕೂರಿಸಿ ಕೊಡ್ತೀವಿ ಅಂತಾರೆ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ್ದೇ ತಡ, ದಾವಣಗೆರೆ ರೈಲ್ವೆ ಸ್ಟೇಷನ್ ಮುಂದೆ ರಾತ್ರಿ ಎರಡು ಗಂಟೆಗೆ ಪಂಚೆ ಎತ್ತಿ ಕಟ್ಟಿ ಕಾರು ತಳ್ಳಿದ್ದು ನೆನಪಾಯ್ತು. ಜಿಬಿ, ಕಂಪನಿ, ಸೌಂಡು ಇವೆಲ್ಲ ಆಮೇಲೆ. ಮೊದಲು ಆ ಅರ್ಧ ಗಂಟೆಯ ಕತೆ ಹೇಳಿಬಿಡ್ತೀನಿ.

ನನ್ನದು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಕಂಪನಿ ಸೆಟ್‌ನಲ್ಲಿ ಸಿಡಿ, ಯುಎಸ್‌ಬಿ, ಆಕ್ಸ್ (ಫೋನಿನ ವೈರು ಚುಚ್ಚೋ ತೂತು), ರೇಡಿಯೋ ಎಲ್ಲಾ ಇತ್ತು, ಬ್ಲೂಟೂತ್ ಒಂದು ಇರಲಿಲ್ಲ. 2019ರಲ್ಲಿ ಭಾವಮೈದುನ ಹೊಸ ಕಾರು ತಗೊಂಡು ಮನೆ ಮುಂದೆ ರಿವರ್ಸ್ ಹಾಕಿ ನಿಲ್ಲಿಸಿದ. ತಟ್ಟೆಯಷ್ಟಗಲದ ಸ್ಕ್ರೀನಿನಲ್ಲಿ ನಮ್ಮ ಮನೆ ರಂಗೋಲಿ ಕಾಣ್ತಿತ್ತು. ಅವತ್ತೇ ತಲೆಗೆ ಹುಳ ಹೊಕ್ಕಿತು. ಮುಂದಿನ ಭಾನುವಾರ ಅಂಗಡಿಗೆ ಹೋದೆ. ನಮ್ಮ ಮಾಡೆಲ್ಲಿಗೆ ಸೆಟ್ ಕೂರಿಸೋ ಫ್ರೇಮ್ ಇತ್ತು, ಕಪ್ಲರ್ (ವೈರು ಕತ್ತರಿಸದೆ ಕಾರಿನ ವೈರಿಗೂ ಸೆಟ್ಟಿಗೂ ಜೋಡಿಸೋ ಪ್ಲಗ್) ಇರಲಿಲ್ಲ. ‘ಸ್ಟಾಕಿಲ್ಲ ಸಾರ್, ಕಟ್ ಮಾಡಿ ಜಾಯಿಂಟ್ ಹೊಡೀತೀನಿ, ಕಂಪನಿಗಿಂತ ಗಟ್ಟಿ ಇರ್ತದೆ’ ಅಂದ ಹುಡುಗ. ನಾನು ಬೆಣ್ಣೆದೋಸೆ ತಿಂದು ಬರೋದ್ರೊಳಗೆ ಕಟಿಂಗ್ ಪ್ಲೇಯರ್‌ನಿಂದ ಕಂಪನಿ ಕಪ್ಲರ್ ಕತ್ತರಿಸಿ, ಹಲ್ಲಿನಲ್ಲಿ ವೈರು ಸುಲಿದು, ಟೇಪು ಸುತ್ತಿ ಮುಗಿಸಿದ್ದ. ಮುನ್ನೂರು ರೂಪಾಯಿಯ ಕಪ್ಲರ್ ತರಿಸೋಕೆ ಎರಡು ದಿನ ಕಾಯೋ ತಾಳ್ಮೆ ನನಗಿರಲಿಲ್ಲ, ಅದನ್ನೂ ಒಪ್ಕೋತೀನಿ.

ಹಾಡು ಬಂತು, ಮ್ಯಾಪ್ ಬಂತು, ಕ್ಯಾಮೆರಾ ಬಂತು. ಆದರೆ ಕೀ ತೆಗೆದು ಮತ್ತೆ ಹಾಕಿದರೆ ಸೆಟ್ಟು ಹುಟ್ಟಿದ ಕೂಸಿನ ಹಾಗೆ ಎಲ್ಲಾ ಮರೆತಿರುತ್ತಿತ್ತು. ಟೈಮ್ 12 ಗಂಟೆ, ರೇಡಿಯೋ ಸ್ಟೇಷನ್ ಮಾಯ, ಮೊದಲಿಂದ ಆನ್ ಆಗೋಕೆ ಮುಕ್ಕಾಲು ನಿಮಿಷ.

ಇಲ್ಲಿಂದ ಮುಂದಿನ ತಪ್ಪು ಅಂಗಡಿಯವನದ್ದಲ್ಲ, ನನ್ನದು. ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರಾಗಬೇಡಿ, ಇದರಲ್ಲೇ ನನ್ನ ದುಡ್ಡು ಹೋಗಿದ್ದು.

ಈ ಸೆಟ್‌ಗಳ ಹಿಂದೆ ಕರೆಂಟಿನ ವೈರು ಎರಡು. ಹಳದಿದಕ್ಕೆ ಬ್ಯಾಟರಿಯಿಂದ 12 ವೋಲ್ಟ್ ಯಾವಾಗಲೂ ಬರುತ್ತಿರಬೇಕು; ನೆನಪು ಉಳಿಯೋದು ಅದರಿಂದ. ಕೆಂಪಿದಕ್ಕೆ ಕೀ ತಿರುಗಿಸಿದಾಗ ಮಾತ್ರ ಬರಬೇಕು. ‘ಎದ್ದೇಳು, ಮಲಕ್ಕೋ’ ಅಂತ ಸೆಟ್ಟಿಗೆ ಹೇಳೋದು ಅದು. ಕಪ್ಪು ಅರ್ಥಿಂಗ್. ಇಷ್ಟು ಬಣ್ಣ ಹೊರಗೆ ಅಂಗಡಿಯಲ್ಲಿ ಸಿಗೋ ಸೆಟ್‌ಗಳಲ್ಲಿ ಹೆಚ್ಚೂಕಮ್ಮಿ ಒಂದೇ. ಆದರೆ ಕಾರಿನ ಕಡೆಯ ವೈರಿಗೆ ಆ ನಿಯಮ ಇಲ್ಲ, ಕಾರು ಮಾಡಿದವರು ತಮಗೆ ಬೇಕಾದ ಬಣ್ಣ ಹಾಕಿರ್ತಾರೆ. ಆ ಹುಡುಗ ಬಣ್ಣಕ್ಕೆ ಹತ್ತಿರದ ಬಣ್ಣ ನೋಡಿ ಸೇರಿಸಿದ್ದ, ಎರಡೂ ಅದಲು ಬದಲಾಗಿತ್ತು. ಕೀ ತೆಗೆದ ಕೂಡಲೇ ಹಳದಿಗೆ ಬರೋ ಕರೆಂಟ್ ನಿಲ್ತಿತ್ತು, ಅದಕ್ಕೇ ಮರೆವು.

ಮಾಡಬೇಕಾದ್ದು ಇಷ್ಟೇ: ಎರಡು ವೈರು ಬಿಚ್ಚಿ ಅದಲು ಬದಲು ಮಾಡಿ ಕಟ್ಟೋದು. ಐದು ನಿಮಿಷದ ಕೆಲಸ. ನಾನು ಮಾಡಿದ್ದು ಬೇರೆ. ಕರೆಂಟ್ ಅಳೆಯೋ ಮಲ್ಟಿಮೀಟರ್ ಹಿಡಿದು ನೋಡಿದಾಗ ಕಾರಿನ ಕಡೆಯ ಒಂದು ವೈರಿನಲ್ಲಿ ಸದಾ 12 ವೋಲ್ಟ್ ಕಂಡಿತು. ‘ಓಹೋ, ಹಂಗಾದ್ರೆ ಹಳದಿ ಕೆಂಪು ಎರಡನ್ನೂ ಇದಕ್ಕೇ ಸುತ್ತಿಬಿಟ್ಟರೆ ನೆನಪೂ ಹೋಗಲ್ಲ, ಕೀ ಇಲ್ಲದೇನೂ ಹಾಡು ಕೇಳಬಹುದು’ ಅಂತ ಬುದ್ಧಿ ಓಡಿಸಿದೆ. ಸುತ್ತಿದೆ. ಕೀ ಜೇಬಲ್ಲಿಟ್ಕೊಂಡು ಹಾಡು ಹಚ್ಚಿ ಹೆಂಡತಿಗೆ ತೋರಿಸಿ ಬೀಗಿದ್ದೂ ಆಯ್ತು.

ಕಾರು ನಿಲ್ಲಿಸಿದಾಗ ಪವರ್ ಬಟನ್ ಒತ್ತುತ್ತಿದ್ದೆ, ಸ್ಕ್ರೀನ್ ಕಪ್ಪಾಗುತ್ತಿತ್ತು. ಆಫ್ ಆಯ್ತು ಅಂದ್ಕೊಂಡಿದ್ದೆ. ಆಫ್ ಆಗಿರಲಿಲ್ಲ, ಕಣ್ಣು ಮುಚ್ಚಿಕೊಂಡಿತ್ತು ಅಷ್ಟೇ. ಕೆಂಪು ವೈರಿನ ಕರೆಂಟ್ ನಿಲ್ಲದೆ ಅದು ಮಲಗೋದೇ ಇಲ್ಲ. ಬೆಳಿಗ್ಗೆ ಸ್ಟಾರ್ಟರ್ ‘ಗುರ್... ಗುರ್...’ ಅಂತ ಸೋಮಾರಿಯಾಗಿ ಸುತ್ತೋಕೆ ಶುರುವಾದಾಗಲೂ ಚಳಿಗೆ ಅಂದ್ಕೊಂಡೆ. ದಾವಣಗೆರೆಯಲ್ಲಿ ಚಳಿ!

ಆಮೇಲೆ ಬೆಂಗಳೂರಿನಲ್ಲೊಂದು ಮದುವೆ. ಶುಕ್ರವಾರ ಸಂಜೆ ಸ್ಟೇಷನ್ನಿನಲ್ಲಿ ಕಾರು ಬಿಟ್ಟು ರೈಲು ಹತ್ತಿದ್ವಿ, ಭಾನುವಾರ ನಡುರಾತ್ರಿ ದಾಟಿದ ಮೇಲೆ ವಾಪಸ್. ರಿಮೋಟ್ ಒತ್ತಿದರೆ ಕುಂಯ್ ಅನ್ನಲಿಲ್ಲ. ಕೀ ಹಾಕಿ ಬಾಗಿಲು ತೆಗೆದರೆ ಡ್ಯಾಶ್‌ಬೋರ್ಡಿನಲ್ಲಿ ಮಿಣುಕು ಬೆಳಕು. ಹೆಂಡತಿ ಸ್ಟೀರಿಂಗ್‌ಗೆ ಕೂತಳು, ಇಬ್ಬರು ಆಟೋದವರು ಮತ್ತು ನಾನು ಹಿಂದೆ. ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಟ್ಟರೂ ಎರಡು ಸಲ ಕೆಮ್ಮಿ ನಿಂತಿತು. ಆಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಹಾಡು ಹಚ್ಲೇನ್ರಿ? ತಳ್ಳಾಕೆ ಹುರುಪು ಬರ್ತೈತಿ’ ಅಂದಳು. ಮೂರನೇ ಸಲಕ್ಕೆ ಹತ್ತಿಕೊಂಡಿತು.

ಬ್ಯಾಟರಿ ಅಂಗಡಿಯಲ್ಲಿ ‘ಇದರ ಕತೆ ಮುಗೀತು’ ಅಂದರು, ₹3,900 ಕೊಟ್ಟು ಹೊಸದು ಹಾಕಿಸಿದೆ. ಒಂದು ತಿಂಗಳಾಗಿರಲಿಲ್ಲ, ಹಬ್ಬಕ್ಕೆ ಮೂರು ದಿನ ಬಸ್ಸಿನಲ್ಲಿ ಊರಿಗೆ ಹೋಗಿ ಬಂದರೆ ಮತ್ತೆ ಅದೇ ಹಾಡು. ಇನ್ನೊಬ್ಬರು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬೋದು) ಚಾರ್ಜ್ ಮಾಡ್ತಿಲ್ಲ ಅಂದರು, ₹2,600 ಅಲ್ಲಿ. ಎಂಟು ದಿನಕ್ಕೆ ಮತ್ತೆ ‘ಗುರ್... ಗುರ್...’

ಕೊನೆಗೆ ಸಿಕ್ಕಿದ್ದು ಪಿ.ಬಿ. ರೋಡಿನ ಕಡೆಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್, ಎಲ್ಲರೂ ಚಾಚಾ ಅಂತಾರೆ. ಲಾರಿ ಕೆಲಸ ಇದ್ದಿದ್ದರಿಂದ ಮೂರು ತಾಸು ಕಾಯಿಸಿದರು. ಆಮೇಲೆ ಬಂದು ಬಾನೆಟ್ ಎತ್ತಲಿಲ್ಲ, ಸೀದಾ ಸೆಟ್ಟಿನ ಮೇಲೆ ಅಂಗೈ ಇಟ್ಟರು. ‘ಸಾರ್, ಗಾಡಿ ಮೂರು ತಾಸಿಂದ ನಿಂತೈತೆ. ಇದ್ಯಾಕೆ ಬೆಚ್ಚಗೈತೆ?’

ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರ್ ಹಾಕಿದರು. ಎಲ್ಲಾ ಆಫ್ ಇರೋ ಕಾರು ಸಾಮಾನ್ಯವಾಗಿ 50 ಮಿಲಿಆಂಪಿಯರ್ (ಅಂದ್ರೆ 0.05 ಆಂಪಿಯರ್) ಒಳಗೆ ಎಳೀಬೇಕು. ನಮ್ಮದು 0.8 ಆಂಪಿಯರ್ ಎಳೀತಿತ್ತು. ರೇಡಿಯೋ ಫ್ಯೂಸ್ ಕಿತ್ತರು, ಅಂಕಿ 0.02ಕ್ಕೆ ಬಿತ್ತು. ಲೆಕ್ಕ ನೀವೇ ಹಾಕಿ: ನಮ್ಮದು 35 ಆಂಪಿಯರ್-ಅವರ್ ಬ್ಯಾಟರಿ, ಗಂಟೆಗೆ 0.8 ಹೋದರೆ 44 ಗಂಟೆಗೆ ಪೂರ್ತಿ ಖಾಲಿ, ಎಂಜಿನ್ ಸುತ್ತೋ ಶಕ್ತಿ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತೆ. ಸ್ಟೇಷನ್ನಿನಲ್ಲಿ ನಿಂತಿದ್ದು ಐವತ್ತು ಗಂಟೆ ಮೇಲೆ. ದಿನಾ ಆಫೀಸಿಗೆ ಹೋಗಿ ಬರೋ ನಾಲ್ಕು ಕಿಲೋಮೀಟರಿನಲ್ಲಿ ರಾತ್ರಿ ಕಳೆದದ್ದು ವಾಪಸ್ ತುಂಬೋದೂ ಇಲ್ಲ. ಇನ್ನೊಂದು ಹೊಟ್ಟೆ ಉರಿ ಏನಂದ್ರೆ, ಕಾರಿನ ಬ್ಯಾಟರಿ ಹೀಗೆ ತಳ ಮುಟ್ಟುವಷ್ಟು ಖಾಲಿಯಾದರೆ ಒಳಗಿನ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸೇ ಕಮ್ಮಿಯಾಗುತ್ತೆ. ಆ ಹೊಸ ಬ್ಯಾಟರಿ ಎರಡು ವರ್ಷವೂ ಬಾಳಲಿಲ್ಲ.

ಚಾಚಾ ಕಪ್ಲರ್ ಜೋಡಿ ತಂದು, ಹಳದಿ, ಕೆಂಪು ಅದರದರ ಜಾಗಕ್ಕೆ ಸೇರಿಸಿ, ಕತ್ತರಿಸಿದ ವೈರುಗಳಿಗೆಲ್ಲ ಸೋಲ್ಡರ್ ಹಾಕಿ ಸ್ಲೀವ್ ಏರಿಸಿದರು. ಆರುನೂರು ರೂಪಾಯಿ. ಆರುನೂರು!

ಈಗ ನಿಮ್ಮ ವಿಷಯ. ‘ಸೌಂಡ್ ಚೆನ್ನಾಗಿಲ್ಲ, ಅದಕ್ಕೇ ಸೆಟ್ ಬದಲಿಸ್ತೀನಿ’ ಅನ್ನೋ ನಿಮ್ಮ ಮಾತನ್ನೇ ನಾನು ಒಪ್ಪಲ್ಲ. ಸೌಂಡ್ ಬರೋದು ಸ್ಪೀಕರಿಂದ. ಡಬ್ಬದ ಮೇಲಿನ ‘50 ವಾಟ್ ಗುಣಿಸು 4’ ನೋಡಿ ಮರುಳಾಗಬೇಡಿ. ಎಂಜಿನ್ ಓಡುವಾಗ ಕಾರಿನಲ್ಲಿರೋದು ಹೆಚ್ಚೂಕಮ್ಮಿ 14.4 ವೋಲ್ಟ್, ಸ್ಪೀಕರಿನ ತಡೆ 4 ಓಮ್. 14.4ನ್ನು 14.4ರಿಂದ ಗುಣಿಸಿ 4ರಿಂದ ಭಾಗಿಸಿದರೆ 52. ಆ ಐವತ್ತು ಹುಟ್ಟೋದು ಹೀಗೆ, ಕಿವಿಗೆ ಕರ್ಕಶವಾಗೋಷ್ಟು ಒಡೆದ ಸದ್ದಿನ (ಡಿಸ್ಟಾರ್ಷನ್) ಲೆಕ್ಕ. ಒಡೆಯದ ಸದ್ದಿಗೆ ಅದರರ್ಧ 26 ವಾಟೇ ಗರಿಷ್ಠ, ಕೈಗೆ ಸಿಗೋದು 15ರಿಂದ 20. ನಿಮ್ಮ ಕಂಪನಿ ಸೆಟ್ಟೂ ಅದೇ 14.4 ವೋಲ್ಟಿನ ಮೇಲೇ ಓಡ್ತಿರೋದು. ಮುಂದಿನ ಎರಡು ಬಾಗಿಲಿನ ಸ್ಪೀಕರ್ ಬದಲಿಸಿ ಕೇಳಿ, ಅಲ್ಲಿಗೇ ನಿಮ್ಮ ಆಸೆ ತೀರಬಹುದು. ಬ್ಲೂಟೂತ್ ಒಂದೇ ಬೇಕಿದ್ದರೆ ಆಕ್ಸ್‌ಗೆ ಹಾಕೋ ಸಣ್ಣ ರಿಸೀವರ್ ಸಾಕು.

ರಿವರ್ಸ್ ಕ್ಯಾಮೆರಾ, ದೊಡ್ಡ ಮ್ಯಾಪ್ ಬೇಕೇ ಬೇಕು ಅಂದ್ರೆ ಹಾಕಿಸಿ, ಯಾರು ಬೇಡ ಅಂದ್ರು. ಫೋನಿನ ಮ್ಯಾಪನ್ನೇ ಸ್ಕ್ರೀನಿಗೆ ತರೋರಿಗೆ 2 ಜಿಬಿ ನಡೆಯುತ್ತೆ, ಸೆಟ್ಟಿನಲ್ಲೇ ಆ್ಯಪ್ ತುಂಬೋರಿಗೆ 4 ಇರಲಿ. ಕಂಪನಿ ಹೆಸರಿಗಿಂತ ಮೊದಲು ಕೇಳಬೇಕಾದ್ದು ‘ನನ್ನ ಮಾಡೆಲ್ಲಿನ ಕಪ್ಲರ್ ಇದೆಯಾ?’ ಅಂತ. ಇಲ್ಲ ಅಂದ್ರೆ ಎದ್ದು ಬನ್ನಿ. ನಿಮ್ಮ ಕಾರಿಗೆ ಇನ್ನೂ ವಾರಂಟಿ ಇದೆ ಅಂತೀರಿ. ಕತ್ತರಿಸಿದ ವೈರು ಕಂಡರೆ ನಾಳೆ ಎಲೆಕ್ಟ್ರಿಕಲ್ ಏನೇ ಕೆಟ್ಟರೂ ಸರ್ವಿಸ್ ಸೆಂಟರಿನವರು ಬೆರಳು ತೋರಿಸೋದು ಅಲ್ಲಿಗೇ. ಸ್ಟೀರಿಂಗ್ ಮೇಲೆ ಬಟನ್ ಇದ್ದರೆ ಅದಕ್ಕೆ ಕ್ಯಾನ್‌ಬಸ್ ಡಬ್ಬಿ (ಕಾರಿನ ಸಂಕೇತ ಸೆಟ್ಟಿಗೆ ಅರ್ಥ ಮಾಡಿಸೋದು) ಬೇಕಾ ಅಂತ ಮೊದಲೇ ಕೇಳಿ. ಸ್ಪೀಕರಿನ ಮೈನಸ್ ವೈರನ್ನು ಯಾರಾದರೂ ಕಾರಿನ ಲೋಹದ ಮೈಗೆ ಅರ್ಥ್ ಮಾಡ್ತೀನಿ ಅಂದರೆ ಕೈ ಹಿಡಿದು ನಿಲ್ಲಿಸಿ, ಸೆಟ್ಟಿನೊಳಗೆ ಸದ್ದು ಹೆಚ್ಚಿಸೋ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಕೆಲಸ ಮುಗಿದ ಮೇಲೆ ಕೀ ತೆಗೆದು, ಹತ್ತು ನಿಮಿಷ ಬಿಟ್ಟು, ನೆಗೆಟಿವ್‌ನಲ್ಲಿ ಮೀಟರ್ ಹಾಕಿಸಿ ಅಂಕಿ ನೋಡಿಯೇ ದುಡ್ಡು ಕೊಡಿ. ಮುಖ ಸಿಂಡರಿಸ್ತಾರೆ, ಸಿಂಡರಿಸಲಿ.

ಸೆಟ್ಟಿನ ಹಿಂದಿನ ನೀಲಿ ವೈರು ಮರೀಬೇಡಿ. ಬಹಳ ಕಾರುಗಳ ಆಂಟೆನಾದಲ್ಲಿ ಸಣ್ಣ ಆಂಪ್ಲಿಫೈಯರ್ ಇರುತ್ತೆ, ಅದಕ್ಕೆ ಕರೆಂಟ್ ಹೋಗೋದು ಇದರಿಂದ. ನಮ್ಮದರಲ್ಲಿ ಅದನ್ನು ಹಂಗೇ ಮಡಚಿ ಬಿಟ್ಟಿದ್ದರು. ಭರಮಸಾಗರದ ಹತ್ತಿರ ನಮ್ಮೂರು, ಅಪ್ಪನಿಗೆ ಕಾರು ಹತ್ತಿದರೆ ಚಿತ್ರದುರ್ಗ ಆಕಾಶವಾಣಿ ಬೇಕು. ಹಳೇ ಸೆಟ್‌ನಲ್ಲಿ ಗಂಟೆ ಹೊಡೆದಂಗೆ ಕೇಳ್ತಿದ್ದದ್ದು ಹೊಸದರಲ್ಲಿ ಒಗ್ಗರಣೆ ಸಿಡಿದಂಗೆ ಚರಚರ ಅಂತಿತ್ತು. ಚಾಚಾ ಅದನ್ನೂ ಸೇರಿಸಿದ ಮೇಲೆ ಸರಿಹೋಯ್ತು, ಆದರೂ ಅಪ್ಪನಿಗೆ ಸಮಾಧಾನ ಇಲ್ಲ.

ಹಾಂ, ಹಳೇ ಸೆಟ್ಟನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ನಾನು ಐನೂರು ರೂಪಾಯಿಗೆ ಕೊಟ್ಟು ಬಂದೆ. ಅಪ್ಪ ಈಗಲೂ ಕಾರು ಹತ್ತಿದಾಗ, ‘ಆ ಹಳೇದು ಎಲ್ಲಿ ಹಾಕೀಯಪ್ಪಾ?’ ಅಂತ ಕೇಳ್ತಾರೆ. ಅಟ್ಟದ ಮೇಲೈತಿ ಅಂತೀನಿ.