ತುಳಸಿ ಒಣಗಿದ್ರೆ ಗಾಬರಿ ಯಾಕೆ? ಈ ಸಲ ಪೂರ್ತಿ ತುಳಸಿ ಪ್ರಶ್ನೆಗಳೇ

ತುಳಸಿ ಹಬ್ಬ ಮುಗಿದು ಎರಡು ವಾರ ಆಗಿದೆ ಅಷ್ಟೆ, ಬಂದಿರೋ ಪತ್ರ, ಮೇಲು, ವಾಟ್ಸಾಪ್ ಮೆಸೇಜಲ್ಲಿ ಮುಕ್ಕಾಲು ಪಾಲು ತುಳಸಿದೇ. ಹಾಗಾಗಿ ಮಂಡಿನೋವು, ಕೂದಲು ಉದುರೋದು ಎಲ್ಲಾ ಮುಂದಿನ ಸಂಚಿಕೆಗೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ಮನೆ ನಾಲ್ಕನೇ ಫ್ಲೋರಲ್ಲಿ, ಬಾಲ್ಕನಿಯಲ್ಲಿ ಕುಂಡದಲ್ಲಿ ತುಳಸಿ ಇಟ್ಟಿದ್ದೆ. ಹಬ್ಬದ ದಿನ ನೆಲ್ಲಿ ಕೊಂಬೆ ನೆಟ್ಟು ಚೆನ್ನಾಗಿ ಪೂಜೆ ಮಾಡಿದ್ವಿ, ಒಂದು ವಾರಕ್ಕೆ ಬಾಡೋಕೆ ಶುರುವಾಯ್ತು, ಈಗ ಪೂರ್ತಿ ಒಣಗಿದೆ. ಮನೆಗೆ ಏನೋ ಕೇಡು ಕಾದಿದೆ ಅಂತ ಅತ್ತೆ ದಿನಾ ಹೇಳ್ತಾರೆ. ನನಗೆ ನಿದ್ದೆನೇ ಬರ್ತಿಲ್ಲ.
– ಗೃಹಿಣಿ, ಬೆಂಗಳೂರು

ಉತ್ತರ: ಮೊದಲು ನಿದ್ದೆ ಮಾಡಿ ತಾಯಿ. ಕೇಡು ಏನಿಲ್ಲ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ನೆಲ್ಲಿ ಕೊಂಬೆ ಎಲ್ಲಿ ನೆಟ್ರಿ? ಅದೇ ಕುಂಡದಲ್ಲಿ ತಾನೇ? ಹಳೇ ಮನೆಗಳಲ್ಲಿ ತುಳಸಿಕಟ್ಟೆ ಅಂದ್ರೆ ಎದೆಮಟ್ಟ, ಒಳಗೆ ಬುಟ್ಟಿಗಟ್ಟಲೆ ಮಣ್ಣು, ಅಲ್ಲಿ ಒಂದಲ್ಲ ನಾಲ್ಕು ಕೊಂಬೆ ಚುಚ್ಚಿದ್ರೂ ಗಿಡಕ್ಕೆ ಏನೂ ಆಗ್ತಿರಲಿಲ್ಲ. ಈಗ ಎಂಟು ಇಂಚಿನ ಪ್ಲಾಸ್ಟಿಕ್ ಕುಂಡಕ್ಕೆ ಹೆಬ್ಬೆರಳು ದಪ್ಪದ ಕೊಂಬೆ ಒತ್ತಿ ಇಳಿಸಿದ್ರೆ ಅರ್ಧ ಬೇರು ಹರಿದು ಹೋಗತ್ತೆ, ಆಮೇಲೆ ಅದೇ ಬೇರಿಗೆ ಹಬ್ಬದ ದಿನದ ಹಾಲು, ಮೊಸರು, ಅರಿಶಿನ ಕುಂಕುಮ, ಅಕ್ಷತೆ ಎಲ್ಲಾ ಬೀಳತ್ತೆ, ಬುಡದಲ್ಲಿ ದೀಪದ ಶಾಖ ಬೇರೆ. ಗಿಡ ಪಾಪ ಏನು ಮಾಡತ್ತೆ.

ನಮ್ಮನೇದೂ ಒಂದು ಮಳೆಗಾಲ ಹೀಗೇ ಹೋಯ್ತು. ಒಣಗಿದ ಗಿಡ ಕಿತ್ತು ನೋಡಿದ್ರೆ ಬೇರು ಕಪ್ಪಗೆ, ಬೆರಳಲ್ಲಿ ಹಿಡಿದು ಎಳೆದ್ರೆ ಸಿಪ್ಪೆ ಕಳಚಿ ಕೈಗೆ ಬರ್ತಿತ್ತು, ಮಣ್ಣಿಗೆ ಹಳಸಿದ ವಾಸನೆ. ಕುಂಡದ ತಳದ ತೂತನ್ನ ಅಕ್ಷತೆ ಅಕ್ಕಿ ಮುಚ್ಚಿಬಿಟ್ಟಿತ್ತು. ಭಕ್ತಿಯಿಂದ ದಿನಾ ಒಂದು ಚೊಂಬು ನೀರು ಹಾಕಿ ನಾನೇ ಮುಳುಗಿಸಿ ಸಾಯಿಸಿದ್ದೆ.

ಇನ್ನೊಂದು ವಿಷಯ, ತುಳಸಿ ನೂರು ವರ್ಷ ಬಾಳೋ ಗಿಡ ಅಲ್ಲ. ಕುಂಡದಲ್ಲಿ ಎರಡು ಮೂರು ವರ್ಷ ಚೆನ್ನಾಗಿ ಬಂದ್ರೆ ದೊಡ್ಡದು. ಕದಿರು ಬಿಟ್ಟು ಬೀಜ ಕಟ್ಟಿತು ಅಂದ್ರೆ ಅದರ ಕೆಲಸ ಮುಗೀತು ಅಂತ ಸೊರಗೋಕೆ ಶುರು ಮಾಡತ್ತೆ. ಕದಿರು ಎಳೇದಿರುವಾಗಲೇ ಚಿವುಟ್ತಾ ಇರಿ, ಪಕ್ಕದಿಂದ ಹೊಸ ಚಿಗುರು ಒಡೆಯತ್ತೆ, ಗಿಡ ಪೊದೆ ಆಗತ್ತೆ. ಚಿವುಟಿದ ಕದಿರು ದೇವರಿಗೇ ಇಡಿ, ಮಂಜರಿ ಅಂತ ವಿಷ್ಣುವಿಗೆ ಶ್ರೇಷ್ಠ. ಬಿಸಿಲು ದಿನಕ್ಕೆ ಐದಾರು ಗಂಟೆ ಬೇಕು, ನೀರು ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ. ಹಾಲು ಎರೆಯೋದಿದ್ರೆ ಒಂದು ಉದ್ಧರಣೆ ಸಾಕು.

ಆ ಕುಂಡದ ಒಣಗಿದ ಕದಿರನ್ನ ಅಂಗೈಲಿ ತಿಕ್ಕಿ ನೋಡಿ, ಸಾಸಿವೆಗಿಂತ ಸಣ್ಣ ಕಂದು ಬೀಜ ಉದುರತ್ತೆ. ಹೊಸ ಮಣ್ಣಿನ ಮೇಲೆ ಹಾಗೇ ಉದುರಿಸಿ, ಆಳಕ್ಕೆ ಹೂಳಬೇಡಿ. ಹತ್ತು ದಿನದ ಆಸುಪಾಸಲ್ಲಿ ಮೊಳಕೆ ಬರತ್ತೆ, ಆಗ ಅತ್ತೇನ ಕರೆದು ತೋರಿಸಿ. ಒಣಗಿದ ಕಾಂಡಾನೂ ಬಿಸಾಕಬೇಡಿ, ಜಪಮಣಿ ಮಾಡೋದು ಅದರಿಂದಲೇ.

ಪ್ರಶ್ನೆ: 8 ತಿಂಗಳ ಮಗುಗೆ ಶೀತ, ಕೆಮ್ಮು. ತುಳಸಿ ರಸಕ್ಕೆ ಜೇನುತುಪ್ಪ ಹಾಕಿ ನೆಕ್ಕಿಸಿ ಅಂತ ನಮ್ಮಮ್ಮ ಹೇಳ್ತಾರೆ, ಕೊಡಬಹುದಾ?
– ಯುವತಾಯಿ, ದಾವಣಗೆರೆ

ಉತ್ತರ: ಬೇಡ. ವರ್ಷ ತುಂಬದ ಮಗುಗೆ ಜೇನುತುಪ್ಪ ಒಂದು ಹನೀನೂ ಬೇಡ, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡತ್ತೆ, ಅಪರೂಪ ಆದ್ರೂ ಜೀವಕ್ಕೇ ಅಪಾಯ. ನಿಮ್ಮಮ್ಮಂಗೆ ಬೈಯಬೇಡಿ, ಅವರ ಕಾಲದಲ್ಲಿ ಇದು ಗೊತ್ತಿರಲಿಲ್ಲ. ತುಳಸಿ ರಸಾನೂ ಈ ವಯಸ್ಸಿಗೆ ಬೇಡ, ಎದೆಹಾಲು ಪದೇ ಪದೇ ಕುಡಿಸಿ. ಉಸಿರು ಜೋರಾಗಿ ಬರ್ತಿದ್ರೆ, ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ಹಾಲು ಬಿಟ್ಟಿದ್ರೆ ಈ ಪುಟ ಓದ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಐದಾರು ವರ್ಷದ ಮಕ್ಕಳಿಗಾದ್ರೆ ಐದಾರು ಎಲೆ ಜಜ್ಜಿ ಬಂದ ರಸ ಅರ್ಧ ಚಮಚ, ಅಷ್ಟೇ ಜೇನು, ದಿನಕ್ಕೆರಡು ಸಲ, ಮೂರು ದಿನ ನೋಡಬಹುದು.

ಪ್ರಶ್ನೆ: ಡಾಕ್ಟ್ರೇ, ಕೊರೊನಾ ಟೈಮಿಂದ ಇವತ್ತಿನವರೆಗೂ ದಿನಾ ಎರಡು ಲೋಟ ತುಳಸಿ, ಕಾಳುಮೆಣಸು, ಶುಂಠಿ ಕಷಾಯ ತಪ್ಪಿಸಿಲ್ಲ. ಈಗ ಆರು ತಿಂಗಳಿಂದ ಎದೆ ಉರಿ, ಬಾಯಲ್ಲಿ ಹುಣ್ಣು. ಆಯುರ್ವೇದಕ್ಕೆ ಸೈಡ್ ಎಫೆಕ್ಟ್ ಇಲ್ಲ ಅಂತಾರಲ್ಲ?
– ನಿವೃತ್ತ ಮೇಷ್ಟ್ರು, ಹುಬ್ಬಳ್ಳಿ

ಉತ್ತರ: ಯಾರು ಸರ್ ಹಾಗೆ ಹೇಳಿದ್ದು? ಆಯುರ್ವೇದ ಅಂತೂ ಹೇಳಿಲ್ಲ. ಚರಕಸಂಹಿತೆಯಲ್ಲಿ ತುಳಸಿಗೆ ಸುರಸ ಅಂತ ಹೆಸರು, ಅದು ಬಿಕ್ಕಳಿಕೆ, ಕೆಮ್ಮು, ಉಬ್ಬಸ, ಪಕ್ಕೆನೋವು ಕಳೆಯತ್ತೆ, ಕಫ ವಾತ ತಗ್ಗಿಸತ್ತೆ ಅಂತ ಹೊಗಳಿರೋ ಕಡೆಯಲ್ಲೇ ಪಿತ್ತ ಮಾಡತ್ತೆ ಅಂತಾನೂ ಬರೆದಿದ್ದಾರೆ. ನಮ್ಮ ಜನ ಮೊದಲರ್ಧ ಓದಿ ಪುಸ್ತಕ ಮುಚ್ಚಿಬಿಡ್ತಾರೆ. ತುಳಸಿ ಉಷ್ಣ, ಮೆಣಸು ಉಷ್ಣ, ಒಣಶುಂಠಿ ಉಷ್ಣ, ನಿಮ್ಮೂರ ಬೇಸಿಗೆ ಬಗ್ಗೆ ನಾನು ಹೇಳಬೇಕಾ, ಇದರ ಜೊತೆ ಮಿರ್ಚಿ ಭಜಿನೂ ಇದೆ ಅಂದುಕೊಳ್ತೀನಿ. ಎದೆ ಉರೀದೆ ಇನ್ನೇನಾಗತ್ತೆ?

2020ರ ಏಪ್ರಿಲಲ್ಲಿ ಆಯುಷ್ ಸಚಿವಾಲಯ ಹೇಳಿದ್ದ ಕಷಾಯದ ಪುಡಿ ನೆನಪಿರಬಹುದು, ತುಳಸಿ 4 ಭಾಗ, ದಾಲ್ಚಿನ್ನಿ 2, ಒಣಶುಂಠಿ 2, ಮೆಣಸು 1. ಒಂದು ಸಲಕ್ಕೆ 3 ಗ್ರಾಂ ಪುಡಿ, 150 ಎಂಎಲ್ ನೀರು. 3 ಗ್ರಾಂ ಅಂದ್ರೆ ಎಷ್ಟು ಗೊತ್ತಾ, ಒಂದು ಚಿಕ್ಕ ಚಮಚ. ಆಮೇಲೆ ನಾನು ನೋಡಿದ ಮನೆಗಳಲ್ಲಿ ಕುಕ್ಕರ್ ತುಂಬ ಕುದಿಸಿ, ಮೆಣಸು ಹಿಡಿಗಟ್ಟಲೆ ಹಾಕಿ, ಖಾರಕ್ಕೆ ಕಣ್ಣಲ್ಲಿ ನೀರು ಬಂದ್ರೇನೇ ಪವರ್ ಇದೆ ಅಂತ ಕುಡೀತಿದ್ರು.

ಕಷಾಯ ಔಷಧಿ ಸರ್, ಕಾಫಿ ಅಲ್ಲ. ಶೀತ ಬಂದಾಗ ಮೂರು ನಾಲ್ಕು ದಿನ, ಗುಣ ಆಯ್ತು ಅಂದ್ರೆ ನಿಲ್ಲಿಸೋದು. ನೀವು ಇವತ್ತೇ ನಿಲ್ಲಿಸಿ. ಬೆಳಗ್ಗೆ ಏನಾದ್ರೂ ಬಿಸಿಯಾಗಿ ಕುಡೀಲೇಬೇಕು ಅಂತಿದ್ರೆ ಕೊತ್ತಂಬರಿ ಬೀಜ, ಜೀರಿಗೆ ಹಾಕಿ ಕುದಿಸಿದ ನೀರು, ಸ್ವಲ್ಪ ಬೆಲ್ಲ, ಹಾಲು. ಎರಡು ವಾರದಲ್ಲಿ ಉರಿ, ಹುಣ್ಣು ಕಡಿಮೆ ಆಗದಿದ್ರೆ ತೋರಿಸ್ಕೊಳ್ಳಿ, ಆರು ತಿಂಗಳ ಎದೆ ಉರಿ ಎಲ್ಲಾ ಕಷಾಯದ ಮೇಲೇ ಹಾಕಿ ಸುಮ್ಮನಿರೋದೂ ತಪ್ಪು. ಕುದಿಯೋ ಕಷಾಯಕ್ಕೆ ಜೇನು ಸುರಿಯೋ ಅಭ್ಯಾಸ ಇದ್ರೆ ಅದನ್ನೂ ಬಿಡಿ, ಜೇನು ಬಿಸಿ ಮಾಡಬಾರದು ಅಂತ ನಮ್ಮ ಶಾಸ್ತ್ರದಲ್ಲಿ ಖಡಾಖಂಡಿತ ಇದೆ.

ಪ್ರಶ್ನೆ: ತುಳಸಿ ಎಲೆ ಅಗಿಯಬಾರದಂತೆ, ಪಾದರಸ ಇದೆ ಹಲ್ಲು ಹಾಳಾಗತ್ತೆ ಅಂತ ರೀಲ್ಸಲ್ಲಿ ನೋಡ್ದೆ. ಇನ್ನೊಂದರಲ್ಲಿ ತುಳಸಿ 24 ಗಂಟೆನೂ ಆಕ್ಸಿಜನ್ ಕೊಡತ್ತೆ ಅಂದ್ರು. ಯಾವುದು ನಿಜ?
– ಬಿಕಾಂ ವಿದ್ಯಾರ್ಥಿ, ಹಾಸನ

ಉತ್ತರ: ಎರಡೂ ಅಲ್ಲ. ಹಲ್ಲು ಕೆಡಿಸೋ ಪಾದರಸ ತುಳಸಿಯಲ್ಲಿಲ್ಲ, ತೀರ್ಥದ ಜೊತೆ ಬಂದ ಒಂದು ದಳ ಅಗಿದ್ರೆ ಏನೂ ಆಗಲ್ಲ. ಅಗಿಯದೆ ನುಂಗೋದು ದೇವರ ಪ್ರಸಾದಕ್ಕೆ ಹಲ್ಲು ತಾಗಿಸಬಾರದು ಅನ್ನೋ ಆಚಾರ, ಅದಕ್ಕೆ ಕೆಮಿಸ್ಟ್ರಿ ಯಾಕೆ ಅಂಟಿಸ್ತಾರೋ. ಇನ್ನು ಆಕ್ಸಿಜನ್, ಬಿಸಿಲಿಲ್ಲದೆ ಯಾವ ತುಳಸೀನೂ ಆಕ್ಸಿಜನ್ ಮಾಡಲ್ಲ, ರಾತ್ರಿ ಅದೂ ನಮ್ಮ ಹಾಗೇ ಉಸಿರಾಡತ್ತೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಹಾರ್ಟಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ಇದೆ, ಶುಗರ್ ಮಾತ್ರೇನೂ ಇದೆ. ಮನೆ ಹತ್ರ ಬಂದವರೊಬ್ಬರು ತುಳಸಿ ಅರ್ಕದ ಬಾಟಲಿ ಕೊಟ್ಟು ದಿನಾ ಹತ್ತು ಹನಿ ಹಾಕ್ಕೊಂಡ್ರೆ ಮಾತ್ರೆ ಎಲ್ಲಾ ಬಿಡಬಹುದು ಅಂದ್ರು.
– ಓದುಗರು, ಶಿವಮೊಗ್ಗ

ಉತ್ತರ: ಬಾಟಲಿ ಎತ್ತಿಡಿ, ಮಾತ್ರೆ ಒಂದು ದಿನಾನೂ ಬಿಡಿಸಬೇಡಿ. ಸ್ಟೆಂಟ್ ಹಾಕಿದವರು ಆ ಮಾತ್ರೆ ತಾವಾಗೇ ನಿಲ್ಲಿಸಿದ್ರೆ ಸ್ಟೆಂಟಲ್ಲೇ ರಕ್ತ ಹೆಪ್ಪುಗಟ್ಟಬಹುದು.

ತುಳಸಿ ಶುಗರ್ ಇಳಿಸಲ್ವಾ ಅಂದ್ರೆ, ಸ್ವಲ್ಪ ಇಳಿಸಬಹುದು. 1996ರಲ್ಲಿ ಪ್ರಕಟ ಆದ ಒಂದು ಅಧ್ಯಯನದಲ್ಲಿ 40 ಜನ ಶುಗರ್ ಇರೋರಿಗೆ ತುಳಸಿ ಎಲೆ ಕೊಟ್ಟಾಗ ಖಾಲಿ ಹೊಟ್ಟೆ ಸಕ್ಕರೆ ಸುಮಾರು 17-18 ಪರ್ಸೆಂಟ್ ಕಡಿಮೆ ಆಗಿತ್ತು. ಆದ್ರೆ 40 ಜನ ಅಂದ್ರೆ ಒಂದು ಬಸ್ಸು ತುಂಬೋ ಜನ ಅಷ್ಟೆ, ಅದನ್ನ ನಂಬಿ ಮಾತ್ರೆ ಬಿಡೋಕಾಗಲ್ಲ. ಮಾತ್ರೆ ಜೊತೆ ಗಟ್ಟಿ ಅರ್ಕಾನೂ ಸೇರಿದ್ರೆ ಸಕ್ಕರೆ ತೀರಾ ಕೆಳಗೆ ಹೋಗಿ ಬೆವರು, ತಲೆಸುತ್ತು ಬರಬಹುದು. ತುಳಸಿಗೆ ಆ ಘಾಟು ಕೊಡೋ ಯೂಜೆನಾಲ್, ಲವಂಗದಲ್ಲೂ ಇರೋದು ಅದೇ, ರಕ್ತ ಹೆಪ್ಪುಗಟ್ಟೋದನ್ನ ನಿಧಾನ ಮಾಡತ್ತೆ ಅಂತ ಲ್ಯಾಬಲ್ಲಿ ನೋಡಿದ್ದಾರೆ, ಅದಕ್ಕೇ ಆಪರೇಷನ್ ಇರೋರು ಎರಡು ವಾರ ಮುಂಚೆನೇ ತುಳಸಿ ಮಾತ್ರೆ, ಅರ್ಕ ನಿಲ್ಲಿಸಿ, ಸರ್ಜನ್ನಿಗೆ ಹೇಳಿ. ಬಸುರಿಯರು, ಮಗುಗೆ ಟ್ರೈ ಮಾಡ್ತಿರೋ ದಂಪತಿ ಕೂಡ ಈ ಗಟ್ಟಿ ಅರ್ಕದ ತಂಟೆಗೆ ಹೋಗಬೇಡಿ. ಪೂಜೆ ಆದ ಮೇಲೆ ತೀರ್ಥದಲ್ಲಿ ಒಂದು ದಳ ಯಜಮಾನರು ಆರಾಮಾಗಿ ತಗೊಳ್ಳಲಿ.

ಪ್ರಶ್ನೆ: ಕೃಷ್ಣ ತುಳಸಿ ಔಷಧಿಗೆ, ರಾಮ ತುಳಸಿ ಪೂಜೆಗೆ ಅಂತಾರೆ. ನರ್ಸರಿಯವ ಕಾಮಕಸ್ತೂರಿ ಕೊಟ್ಟು ತುಳಸಿ ಅಂದ. ಹೇಗೆ ಗುರುತು ಹಿಡಿಯೋದು?
– ಓದುಗರು, ಪುತ್ತೂರು

ಉತ್ತರ: ಎಲೆ ಹಸಿರಾಗಿದ್ರೆ ರಾಮ ಅಥವಾ ಶ್ರೀ ತುಳಸಿ, ಎಲೆ ಕಾಂಡ ನೇರಳೆಗಪ್ಪು ಇದ್ರೆ ಕೃಷ್ಣ ತುಳಸಿ, ಇದರ ಘಾಟು ಸ್ವಲ್ಪ ಜಾಸ್ತಿ. ಎರಡೂ ಒಂದೇ ಜಾತಿ, ಪೂಜೆಗೂ ಔಷಧಿಗೂ ಎರಡೂ ನಡೆಯತ್ತೆ. ಕಾಮಕಸ್ತೂರಿ ಬೇರೆ ಗಿಡ, ಎಲೆ ನುಣುಪು, ಹೊಳಪು, ಮೂಸಿದ್ರೆ ಸಿಹಿ ಪರಿಮಳ, ಬೀಜ ನೀರಿಗೆ ಹಾಕಿದ್ರೆ ಲೋಳೆ ಕಟ್ಟಿ ಉಬ್ಬತ್ತೆ, ಬೇಸಿಗೇಲಿ ಶರಬತ್ತಿಗೆ ಹಾಕೋದು ಅದನ್ನೇ, ಅದು ತಂಪು. ತುಳಸಿ ಕಾಂಡ ಬಿಸಿಲಿಗೆ ಹಿಡಿದ್ರೆ ಸಣ್ಣ ರೋಮ ಕಾಣತ್ತೆ.

ಪ್ರಶ್ನೆ: ಮುಟ್ಟಾದಾಗ ತುಳಸಿ ಮುಟ್ಟಿದ್ರೆ, ನೀರು ಹಾಕಿದ್ರೆ ಗಿಡ ಒಣಗತ್ತಂತೆ. ಪಿಜಿಯಲ್ಲಿ ಗಿಡ ನೋಡ್ಕೊಳ್ಳೋಳು ನಾನೊಬ್ಬಳೇ. ಮತ್ತೆ ಭಾನುವಾರ, ದ್ವಾದಶಿ ಕೀಳಬಾರದು ಅನ್ನೋದ್ಯಾಕೆ?
– ಕೆಲಸಕ್ಕೆ ಹೋಗೋ ಹುಡುಗಿ, ಮೈಸೂರು

ಉತ್ತರ: ನಾನು ಓದಿದ ಆಯುರ್ವೇದ ಕಾಲೇಜಿನ ಔಷಧಿ ತೋಟದಲ್ಲಿ ಸಾಲುಗಟ್ಟಲೆ ತುಳಸಿ ಇತ್ತು, ನೀರು ಬಿಡೋದು, ಕಳೆ ಕೀಳೋದು, ಎಲೆ ಕೊಯ್ಯೋದು ಎಲ್ಲಾ ಹೆಂಗಸರೇ, ತಿಂಗಳ ಮೂವತ್ತು ದಿನಾನೂ. ಒಂದು ಗಿಡಾನೂ ಆ ಕಾರಣಕ್ಕೆ ಒಣಗಿದ್ದು ನಾನು ನೋಡಿಲ್ಲಮ್ಮ. ನಿಮ್ಮನೆ ಆಚಾರದ ಪ್ರಕಾರ ಆ ದಿನ ಪೂಜೆ ಮಾಡಲ್ಲ ಅಂದ್ರೆ ಅದು ನಿನ್ನಿಷ್ಟ, ಆದ್ರೆ ನೀರು ಹಾಕದೆ ನಾಲ್ಕು ದಿನ ಏಪ್ರಿಲ್ ಬಿಸಿಲಿಗೆ ಬಿಟ್ರೆ ಖಂಡಿತ ಒಣಗತ್ತೆ.

ಕೀಳೋ ದಿನದ ವಿಷಯಕ್ಕೆ ಬಂದ್ರೆ, ದ್ವಾದಶಿ, ಭಾನುವಾರ, ಅಮಾವಾಸ್ಯೆ, ಹುಣ್ಣಿಮೆ, ಸಂಜೆ ಹೊತ್ತು ಕೀಳಬಾರದು ಅಂತ ಇದೆ, ಪಟ್ಟಿ ಮನೆಯಿಂದ ಮನೆಗೆ ಸ್ವಲ್ಪ ಬೇರೆ. ಶಾಸ್ತ್ರದ ಕಾರಣ ಪುರೋಹಿತರನ್ನ ಕೇಳು, ನನಗೆ ಕಾಣೋದು ಇಷ್ಟು: ದಿನಾ ಪೂಜೆ ಇರೋ ಮನೇಲಿ ಗಿಡಕ್ಕೆ ತಿಂಗಳಲ್ಲಿ ಏಳೆಂಟು ದಿನ ರಜಾ ಸಿಗತ್ತೆ. ಉಡುಪಿ ಕೃಷ್ಣ ಮಠದಲ್ಲಿ ಲಕ್ಷ ತುಳಸಿ ಅರ್ಚನೆ ಅಂತ ಮಾಡ್ತಾರೆ, ಒಂದೊಂದು ನಾಮಕ್ಕೆ ಒಂದೊಂದು ದಳ, ಅಷ್ಟು ದಳ ಬೇಕು ಅಂದ್ರೆ ಎಷ್ಟು ಗಿಡ ಉಳಿಸ್ಕೊಂಡಿರಬೇಕು ನೋಡು. ಮಾರನೇ ದಿನ ಕೀಳಂಗಿಲ್ಲ ಅಂದ್ರೆ ಹಿಂದಿನ ದಿನವೇ ಕಿತ್ತಿಟ್ಕೋ, ತುಳಸಿಗೆ ಹಳಸಲು ಅನ್ನೋ ದೋಷ ಇಲ್ಲ, ಒಣಗಿದ್ದೂ ನಡೆಯತ್ತೆ. ಉಗುರಲ್ಲಿ ಒಂದೊಂದೇ ಎಲೆ ಹರಿಯೋಕಿಂತ ಎರಡೆಲೆ ಇರೋ ಕುಡಿ ಚಿವುಟಿದ್ರೆ ಗಿಡಕ್ಕೂ ಒಳ್ಳೇದು.

ಪ್ರಶ್ನೆ: ಮೇಡಂ, ಹೋದ ತಿಂಗಳು ಅಪ್ಪ ಹೋದ್ರು. ಕೊನೇ ದಿನ ಪ್ರಜ್ಞೆ ಇರಲಿಲ್ಲ, ಮನೇಲೇ ಇದ್ರು. ಬಾಯಿಗೆ ತುಳಸಿ ನೀರು ಬಿಡೋಕೆ ಹೋದಾಗ ನರ್ಸ್ ತಡೆದ್ರು, ದೊಡ್ಡಮ್ಮ ಆ ವಿಷಯಕ್ಕೆ ಇನ್ನೂ ಅಳ್ತಾರೆ. ಅದರಿಂದ ಏನಾದ್ರೂ ಉಪಯೋಗ ಆಗ್ತಿತ್ತಾ?
– ಓದುಗರು, ಸಾಗರ

ಉತ್ತರ: ನರ್ಸ್ ಮಾಡಿದ್ದು ಸರಿ. ಪ್ರಜ್ಞೆ ಇಲ್ಲದವರಿಗೆ ನುಂಗೋಕೆ ಆಗಲ್ಲ, ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿದು ಉಸಿರು ಕಟ್ಟತ್ತೆ, ಆ ಹೊತ್ತಲ್ಲಿ ಅವರಿಗೆ ಅದೊಂದು ಹಿಂಸೆ. ಔಷಧಿ ಅಂತ ನೋಡಿದ್ರೆ ಉಪಯೋಗ ಏನೂ ಆಗ್ತಿರಲಿಲ್ಲ. ಆದ್ರೆ ತುಳಸಿ, ಗಂಗೆ ಬಾಯಿಗೆ ಬಿದ್ದು ಹೋಗಲಿ ಅನ್ನೋದು ದೊಡ್ಡಮ್ಮನ ಸಮಾಧಾನಕ್ಕೆ, ಅದೂ ಸಣ್ಣದಲ್ಲ. ನಮ್ಮಪ್ಪಂಗೆ ನಾವು ಮಾಡಿದ್ದು ಹೇಳ್ತೀನಿ, ಯಾರಿಗಾದ್ರೂ ಮುಂದೆ ಬೇಕಾಗಬಹುದು. ಹತ್ತಿಯನ್ನ ಗಂಗಾಜಲದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿಗೆ ಮಾತ್ರ ಸವರಿದ್ವಿ. ಹಿತ್ತಲಿಂದ ತಂದ ಒಂದು ದಳ ಕೆಳತುಟಿ ಮೇಲೆ ಇಟ್ವಿ, ಒಳಗೆ ತಳ್ಳಲಿಲ್ಲ. ಡಾಕ್ಟರೂ ಪಕ್ಕದಲ್ಲೇ ನಿಂತಿದ್ರು, ಬೇಡ ಅನ್ನಲಿಲ್ಲ. ದೊಡ್ಡಮ್ಮಂಗೆ ಇದನ್ನ ಓದಿ ಹೇಳಿ.