ಮದ್ದು ಬದಲಿಸುವ ಮೊದಲು ನಳಿಗೆಯ ಮಸಿ ನೋಡಿ

ನೀವು ಕೇಳಿರುವುದು ಇಷ್ಟು: ಡೆನ್ವರ್ ಹತ್ತಿರ ಇದ್ದೀರಿ. 1874ರ ಶಾರ್ಪ್ಸ್ ರೈಫಲ್ ಮಾದರಿಯಲ್ಲಿ ಇಟಲಿಯಲ್ಲಿ ಮಾಡಿದ 45-70 ಕೋವಿ ಕೊಂಡಿದ್ದೀರಿ. ಹಳೇ ವೀಲ್ ವೇಟ್ (ಕಾರಿನ ಚಕ್ರಕ್ಕೆ ಸಿಕ್ಕಿಸುವ ಸೀಸದ ತೂಕ) ಕರಗಿಸಿ ನೀವೇ ಗುಂಡು ಎರೆದಿದ್ದೀರಿ, 65 ಗ್ರೇನ್ (ಮದ್ದು, ಗುಂಡು ತೂಗುವ ಸಣ್ಣ ಅಳತೆ) ಕರಿಮದ್ದು ತುಂಬಿದ್ದೀರಿ. ಮಳೆ ಬಂದು ನಿಂತ ಒಂದು ಬೆಳಿಗ್ಗೆ 100 ಗಜದಲ್ಲಿ ಮೂರು ಗುಂಡು ಒಂದೇ ಇಂಚಿನೊಳಗೆ ಬಿತ್ತು. ಮುಂದಿನ ವಾರ ಒಣ ಬಿಸಿಲಿನ ಮಧ್ಯಾಹ್ನ ಅದೇ ತೋಟಾ ಹಾಕಿದರೆ ಮೊದಲ ಎರಡು ನೆಟ್ಟಗೆ ಹೋಗಿ ಆಮೇಲಿನ ಆರು ಊಟದ ತಟ್ಟೆಯಷ್ಟಗಲ ಚೆದುರಿದವು. ಮದ್ದು ಬದಲಿಸಲೇ, ಗುಂಡು ಇನ್ನೂ ಗಟ್ಟಿ ಮಾಡಲೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಈ ಎರಡು ವಾರಗಳ ನಡುವೆ ಬದಲಾದದ್ದು ಗಾಳಿ. ಗಾಳಿಯ ಜೊತೆ ನಿಮ್ಮ ನಳಿಗೆಯೊಳಗಿನ ಮಸಿಯೂ ಬದಲಾಯಿತು. ಕರಿಮದ್ದಿನ ಕೋವಿಯಲ್ಲಿ ಗುಂಡು ಹೋಗುವುದು ಉಕ್ಕಿನ ಮೇಲಲ್ಲ, ಹಿಂದಿನ ಈಡು ಬಿಟ್ಟುಹೋದ ಮಸಿಯ ಮೇಲೆ. ಪ್ರತಿ ಗುಂಡಿಗೂ ಒಂದೇ ತರಹದ ಮಸಿ ಸಿಗುವಂತೆ ನೋಡಿಕೊಳ್ಳುವ ತನಕ ಮದ್ದು, ಗುಂಡಿನ ಮಿಶ್ರಲೋಹ, ಮದ್ದಿಗೆ ಕಿಡಿ ಕೊಡುವ ಪ್ರೈಮರ್, ಯಾವುದನ್ನು ಪರೀಕ್ಷಿಸಿದರೂ ಉತ್ತರ ನಂಬುವ ಹಾಗಿರುವುದಿಲ್ಲ.

ಯಾಕೆ ಹೀಗೆ ಅಂದರೆ, ಕರಿಮದ್ದು ಉರಿದಾಗ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಘನವಾಗಿಯೇ ಉಳಿಯುತ್ತದೆ. ಒಂದಷ್ಟು ಆ ದಟ್ಟ ಬಿಳಿ ಹೊಗೆಯಲ್ಲಿ ಹೊರಗೆ ಹೋಗುತ್ತದೆ, ಉಳಿದದ್ದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಇದರಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಲವಣಗಳು. ಇವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಮಳೆ ನಿಂತ ಬೆಳಿಗ್ಗೆ ಮಸಿ ಮೆತ್ತಗಿರುತ್ತದೆ, ಮುಂದಿನ ಗುಂಡು ಅದನ್ನು ಒರೆಸಿಕೊಂಡೇ ಹೋಗುತ್ತದೆ. ಕೊಲರಾಡೋದ ಒಣ ಮಧ್ಯಾಹ್ನ, ಅದರ ಮೇಲೆ ಕಾದ ನಳಿಗೆ, ಅಂದರೆ ಅದೇ ಮಸಿ ಒಲೆಯ ಮೇಲಿನ ಕರಕಲಿನಂತೆ ಗಟ್ಟಿಯಾಗುತ್ತದೆ. ಮೂರನೇ ಗುಂಡು ಆ ಕರಕಲಿನ ಮೇಲೆ ಉಜ್ಜಿಕೊಂಡು, ಅಂಚು ಕೆಡಿಸಿಕೊಂಡು ಹೊರಬೀಳುತ್ತದೆ. ನಿಮ್ಮ ಮೊದಲೆರಡು ನೆಟ್ಟಗೆ ಹೋಗಿ ಆಮೇಲಿನವು ಕೆಟ್ಟದ್ದು ಇದೇ ಲೆಕ್ಕಕ್ಕೆ ಸರಿಹೊಂದುತ್ತದೆ.

ನಮ್ಮ ಮನೆ ಕೊಡಗಿನಲ್ಲಿ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಿ ಪೂಜೆಗಿಡುತ್ತಿದ್ದರು. ಅಜ್ಜನ ಕರಿಮದ್ದಿನ ಕೇಪಿನ ಕೋವಿ ಈಡಾದ ಸಂಜೆ ಹಂಡೆಯ ಬಿಸಿನೀರು ಕಾಣದೆ ಮೂಲೆ ಸೇರುತ್ತಿರಲಿಲ್ಲ. ನೀರು ಹುಯ್ದಾಗ ನಳಿಗೆಯ ತುದಿಯಿಂದ ಬರುವ ಆ ಕಪ್ಪು ನೀರಿನ ವಾಸನೆ, ಕೊಳೆತ ಮೊಟ್ಟೆಯದ್ದೇ. ಎಣ್ಣೆ ಆಮೇಲೆ, ಮೊದಲು ನೀರು ಅನ್ನುತ್ತಿದ್ದರು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಈ ಕೋವಿಗಳ ಜೊತೆ ಕಳೆದ ಮೇಲೂ ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಈ ಮಸಿ ಕರಗುವುದು ನೀರಿಗೆ. ಪೆಟ್ರೋಲಿಯಂ ಎಣ್ಣೆ ಬೆರೆತರೆ ಟಾರಿನಂತೆ ಅಂಟುತ್ತದೆ. ನೀವು ನಳಿಗೆಗೆ ಮಾಮೂಲಿ ಗನ್ ಆಯಿಲ್ ಸವರಿ ರೇಂಜಿಗೆ ಹೋಗಿದ್ದರೆ, ಮೊದಲ ಗುಂಡಿಗೆ ಮುಂಚೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಿರಿ.

ಮಸಿಯನ್ನು ಹದದಲ್ಲಿಡಲು ಎರಡು ದಾರಿ. ಒಂದು ಬ್ಲೋ ಟ್ಯೂಬ್: ಖಾಲಿ ಕೇಸಿನ (ತೋಟಾದ ಹಿತ್ತಾಳೆ ಕವಚದ) ಹಿಂಬದಿ ಕೊರೆದು ಪ್ಲಾಸ್ಟಿಕ್ ಕೊಳವೆ ಸಿಕ್ಕಿಸಿದ ಸಾಧನ. ಗುಂಡು ಹೋದ ಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬ್ಲಾಕ್ ಇಳಿಸಿ, ಕೇಸ್ ಹೊರತೆಗೆದು, ಹಿಂಬದಿಯಿಂದ ಇದನ್ನಿಟ್ಟು ನಿಧಾನವಾಗಿ ಉಸಿರು ಬಿಡುವುದು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ತಂಪು ಬೆಳಿಗ್ಗೆ ಮೂರು ಉಸಿರು ಸಾಕು, ಇಲ್ಲಿಯ ಒಣ ಬೇಸಿಗೆಗೆ ಆರೇಳು ಬೇಕಾದೀತು. ಎಷ್ಟಾದರೂ ಸರಿ, ಆ ದಿನ ಪ್ರತಿ ಗುಂಡಿಗೂ ಅಷ್ಟೇ ಇರಲಿ. ಇನ್ನೊಂದು ದಾರಿ, ಪ್ರತಿ ಗುಂಡಿನ ನಂತರ ಒಂದು ಒದ್ದೆ ಪ್ಯಾಚು (ಕೋಲಿನ ತುದಿಯಲ್ಲಿಟ್ಟು ಒರೆಸುವ ಬಟ್ಟೆ ತುಂಡು), ಆಮೇಲೆ ಒಂದು ಒಣ ಪ್ಯಾಚು ಎಳೆಯುವುದು. ನ್ಯೂಯಾರ್ಕಿನ ಕ್ರೀಡ್‌ಮೂರ್ ಮೈದಾನದಲ್ಲಿ 1870ರ ದಶಕದಲ್ಲಿ 800, 900, 1000 ಗಜಕ್ಕೆ ಹೊಡೆಯುತ್ತಿದ್ದವರಲ್ಲಿ ಈಡಿಗೊಮ್ಮೆ ಒರೆಸುವುದು ರೂಢಿಯಲ್ಲಿತ್ತು. 1874ರಲ್ಲಿ ಅಲ್ಲಿ ಅಮೆರಿಕದ ತಂಡ ಐರ್ಲೆಂಡನ್ನು 934ಕ್ಕೆ 931ರಿಂದ ಸೋಲಿಸಿತು. ಬರೀ ಮೂರು ಅಂಕ. ಆ ಮಟ್ಟದಲ್ಲಿ ಒರೆಸುವ ಶಿಸ್ತಿಗೆ ಎಷ್ಟು ಬೆಲೆ ಇರುತ್ತದೆ ಎಂದು ಲೆಕ್ಕ ಹಾಕಿ. ಹೊಸ ತೋಟಾ ಪರೀಕ್ಷಿಸುವಾಗ ನಾನು ಒರೆಸುವ ದಾರಿಯನ್ನೇ ಹಿಡಿಯುತ್ತೇನೆ. ಉಸಿರಿಗಿಂತ ಅದರಲ್ಲಿ ಹೆಚ್ಚುಕಡಿಮೆಗೆ ಅವಕಾಶ ಕಮ್ಮಿ.

ಒರೆಸುವಾಗ ಕೋಲಿನ ಮೂಲಕ ನಿಮ್ಮ ಕೈಗೆ ಏನು ಗೊತ್ತಾಗುತ್ತದೆ ಗಮನಿಸಿ. ಕೊನೆಯ ಐದಾರು ಇಂಚಿನಲ್ಲಿ, ಅಂದರೆ ನಳಿಗೆಯ ಬಾಯಿಯ ಹತ್ತಿರ, ಪ್ಯಾಚು ಗರಗರ ಅಂದು ಹಿಡಿದರೆ ಗುಂಡಿಗೆ ಹಚ್ಚುವ ಜಿಡ್ಡು, ಅಂದರೆ ಲ್ಯೂಬ್, ಅಲ್ಲಿಯವರೆಗೆ ತಲುಪಿಲ್ಲ ಎಂದರ್ಥ. ಲ್ಯೂಬ್ ಸಾಕಷ್ಟಿದ್ದರೆ ನಳಿಗೆಯ ಬಾಯಿಯ ಸುತ್ತ ಜಿಡ್ಡಿನ ನಕ್ಷತ್ರದಂಥ ಗುರುತು ಕಾಣುತ್ತದೆ, ಬೆರಳಿಟ್ಟರೆ ಕಪ್ಪಗೆ ಮೆತ್ತಗೆ ಅಂಟುತ್ತದೆ. ಪಿಸ್ತೂಲಿನ ಗುಂಡಿಗೆ ಹಚ್ಚುವ ಗಟ್ಟಿ ಮೇಣ ಇಲ್ಲಿಗೆ ಆಗುವುದಿಲ್ಲ. ಜೇನುಮೇಣಕ್ಕೆ ಕೊಬ್ಬು ಅಥವಾ ಸಸ್ಯದ ಎಣ್ಣೆ ಬೆರೆಸಿದ ಮೆತ್ತನೆಯ ಲ್ಯೂಬ್ ಬೇಕು. ಎಸ್‌ಪಿಜಿ ಎಂಬುದು ಅಂಗಡಿಯಲ್ಲಿ ಸಿಗುತ್ತದೆ, ಶುರುವಿಗೆ ಅದೇ ಸಾಕು.

ಈಗ ಗುಂಡಿನ ವಿಷಯ. ಇನ್ನೂ ಗಟ್ಟಿ ಮಾಡಬೇಕೆಂಬ ನಿಮ್ಮ ಯೋಚನೆ ತಿರುಗುಮುರುಗಾಗಿದೆ. ಕರಿಮದ್ದು ಒಮ್ಮೆಲೇ ಗುದ್ದುತ್ತದೆ. ಆ ಗುದ್ದಿಗೆ ಮೆತ್ತನೆಯ ಸೀಸದ ಗುಂಡು ಹಿಂಬದಿಯಿಂದ ಕೊಂಚ ಉಬ್ಬಿ ನಳಿಗೆಯ ಗೆರೆಗಳನ್ನು ತುಂಬಿ ಬಿಗಿಯಾಗಿ ಕೂರುತ್ತದೆ. ವೀಲ್ ವೇಟಿನಲ್ಲಿ ಆಂಟಿಮನಿ ಇರುವುದರಿಂದ ಗುಂಡು ಗಟ್ಟಿ, ಸುಲಭಕ್ಕೆ ಉಬ್ಬುವುದಿಲ್ಲ. ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ ಸೀಸವನ್ನೇ ನಳಿಗೆಗೆ ಬಳಿಯುತ್ತದೆ. ಒರೆಸಿದ ಪ್ಯಾಚಿನ ಮೇಲೆ ಬೆಳ್ಳಿಯ ಚೂರುಗಳಂತೆ ಮಿಂಚುವುದು ಕಂಡರೆ ಇದೇ ಆಗುತ್ತಿದೆ. 20 ಪಾಲು ಶುದ್ಧ ಸೀಸಕ್ಕೆ 1 ಪಾಲು ತವರ ಹಾಕಿ. ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ತವರ. ಇದರಿಂದ ಅಚ್ಚಿನ ಮೂಲೆಮೂಲೆಗೂ ಲೋಹ ಹರಿಯುತ್ತದೆ. ಮೂತಿ ಉದ್ದವಾದ ಗುಂಡಾದರೆ 16ಕ್ಕೆ 1 ಇರಲಿ, ಇಲ್ಲದಿದ್ದರೆ ಗುದ್ದಿಗೆ ಮೂತಿ ಸೊಟ್ಟಗಾಗುತ್ತದೆ. ಜೊತೆಗೆ ಒಂದು ಮೆತ್ತನೆಯ ಸೀಸದ ತುಂಡನ್ನು ನಳಿಗೆಯಲ್ಲಿ ದೂಡಿ ತೆಗೆದು ಮೈಕ್ರೋಮೀಟರಿನಲ್ಲಿ ಅಳೆಯಿರಿ. ನಿಮ್ಮ ನಳಿಗೆಯ ಗೆರೆಯ ವ್ಯಾಸ 0.458 ಇಂಚು ಬಂದರೆ ಗುಂಡು ಅದಕ್ಕಿಂತ ಒಂದು ಸಾವಿರಾಂಶ ಇಂಚು ದಪ್ಪ ಇರಬೇಕು.

ನಿಮ್ಮ ಅಚ್ಚಿನ ಮೇಲೆ 535 ಗ್ರೇನ್ ಎಂದಿದೆ ಅಂದಿರಿ. ಮನೆಯಲ್ಲಿ ಹಿರಿಯರಿಗೆ ಹೇಳುವುದಾದರೆ ಹತ್ತಿರಹತ್ತಿರ ಮೂರು ತೊಲ, ಯಾಕೆಂದರೆ ಒಂದು ತೊಲಕ್ಕೆ 180 ಗ್ರೇನ್. ವೀಲ್ ವೇಟಿನಲ್ಲಿ ಎರೆದದ್ದು ಅದಕ್ಕಿಂತ ಹಗುರ ಬಂದಿದ್ದರೆ ಆಶ್ಚರ್ಯವಿಲ್ಲ. ಆಂಟಿಮನಿ ಸೀಸಕ್ಕಿಂತ ಹಗುರ. ಮುಖ್ಯವಾದದ್ದು ಒಂದಕ್ಕೊಂದು ಎಷ್ಟು ಸಮ ಇವೆ ಎನ್ನುವುದು. ಒಂದೊಂದನ್ನೂ ತೂಗಿ ಒಂದು ಗ್ರೇನ್ ಅಂತರದೊಳಗಿನವನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಗುಂಪಿನಿಂದ ಮೂರ್ನಾಲ್ಕು ಗ್ರೇನ್ ಕಮ್ಮಿ ಬಂದದ್ದರ ಹೊಟ್ಟೆಯಲ್ಲಿ ಗಾಳಿಗುಳ್ಳೆ ಇರುತ್ತದೆ, ಅದು ವಾಪಸ್ ಪಾತ್ರೆಗೆ.

ಎರಕದಲ್ಲಿ ಅವಸರ ಸಲ್ಲ. ನಾನು ಪಾತ್ರೆಯನ್ನು 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತೇನೆ. ಮೇಲೆ ತೇಲುವ ಕಿಟ್ಟ ತೆಗೆದು, ಸೌಟಿನ ಮೂತಿಯನ್ನು ಅಚ್ಚಿನ ಬಾಯಿಗೆ ಒತ್ತಿ ಹಿಡಿದು ಐದು ಎಣಿಸುತ್ತೇನೆ. ಇಷ್ಟು ದಪ್ಪ ಗುಂಡು ಆರುವಾಗ ಒಳಗೆ ಸೀಸ ಎಳೆದುಕೊಳ್ಳುತ್ತದೆ, ಅದಕ್ಕೆ ಸೌಟಿನಿಂದ ಹರಿವು ಇರಬೇಕು. ಮೊದಲ ಹತ್ತು ಹದಿನೈದು ಗುಂಡು ಮುದುಕರ ಕೆನ್ನೆಯಂತೆ ಸುಕ್ಕುಸುಕ್ಕು ಬರುತ್ತವೆ, ಅಚ್ಚು ಇನ್ನೂ ಕಾದಿಲ್ಲ. ಕಾದ ಮೇಲೆ ಬೀಳುವ ಗುಂಡಿನ ಬುಡದ ಅಂಚು ಚೂರಿಯಂತೆ ಚೂಪಾಗಿರುತ್ತದೆ. ಬುಡ ಕೆಟ್ಟ ಗುಂಡನ್ನು ಯಾವ ಮದ್ದೂ ನೇರ ಕಳಿಸಲಾರದು. ಗ್ಯಾರೇಜಿನ ಬಾಗಿಲು ತೆರೆದಿಡಿ, ಮಕ್ಕಳು ಹತ್ತಿರ ಬರದಿರಲಿ, ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ. ಒಂದು ಹನಿ ನೀರು, ಹಣೆಯ ಬೆವರೇ ಆಗಲಿ, ಕರಗಿದ ಸೀಸದೊಳಗೆ ಸೇರಿದರೆ ಆವಿಯಾಗಿ ಸಿಡಿದು ಪಾತ್ರೆಯ ಸೀಸವೆಲ್ಲ ಮೇಲಕ್ಕೆ ಎರಚುತ್ತದೆ. ಒದ್ದೆಯಾದ ಸೀಸದ ಗಟ್ಟಿಯನ್ನು ಎಂದೂ ಪಾತ್ರೆಗೆ ಹಾಕಬೇಡಿ.

ಮದ್ದಿನ ಬಗ್ಗೆ. 1873ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಬಂದ ಈ ತೋಟಾದ ಹೆಸರಿನಲ್ಲೇ ಲೆಕ್ಕವಿದೆ: 0.45 ಇಂಚಿನ ನಳಿಗೆ, 70 ಗ್ರೇನ್ ಕರಿಮದ್ದು. ಅಂದಿನ ಕೇಸಿನ ಬುಡ ತೆಳು, ಒಳಗೆ ಜಾಗ ಹೆಚ್ಚು. ಇಂದಿನ ಕೇಸಿನ ಬುಡ ದಪ್ಪ, ಅಷ್ಟು ತುಂಬಲು ಒತ್ತಲೇಬೇಕು. ನಿಮ್ಮ 65 ಗ್ರೇನ್ ತಪ್ಪೇನಲ್ಲ. ಆದರೆ ಹೇಗೆ ತುಂಬಿದಿರಿ ಎಂದು ಬರೆದಿಲ್ಲ. ಎರಡು ಅಡಿ ಉದ್ದದ ಹಿತ್ತಾಳೆಯ ಡ್ರಾಪ್ ಟ್ಯೂಬಿನಲ್ಲಿ ನಿಧಾನಕ್ಕೆ ಸುರಿದರೆ ಕಾಳುಗಳು ಒತ್ತೊತ್ತಾಗಿ ಕೂರುತ್ತವೆ, ಸೇರಿನಲ್ಲಿ ಅಕ್ಕಿ ಕುಲುಕಿ ತುಂಬಿದ ಹಾಗೆ. ಮೇಲೆ ಒಂದು ರಟ್ಟಿನ ಬಿಲ್ಲೆ, ಅಂದರೆ ವ್ಯಾಡ್. ಆಮೇಲೆ ಒತ್ತುವ ಡೈಯಿಂದ ಒತ್ತಿ. ಗುಂಡಿನಿಂದಲೇ ಒತ್ತಿದರೆ ಮೆತ್ತನೆಯ ಗುಂಡು ವಿಕಾರವಾಗುತ್ತದೆ. ಸ್ವಿಸ್ ಬ್ರ್ಯಾಂಡಿನ ಮದ್ದಿಗೆ ಕೊಂಚವೇ ಒತ್ತು ಸಾಕು, ಗೋಯೆಕ್ಸ್ ಬ್ರ್ಯಾಂಡಿನದು ಹೆಚ್ಚು ಕೇಳುತ್ತದೆ. ಇಲ್ಲಿ ಎರಡು ಮಾತು ರಾಜಿಯಿಲ್ಲದವು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಕೂಡದು, ನಳಿಗೆ ಉಬ್ಬಬಹುದು, ಒಡೆಯಬಹುದು. ಹೊಗೆರಹಿತ ಮದ್ದನ್ನು ಕರಿಮದ್ದಿನ ಅಳತೆಯಲ್ಲಿ ತುಂಬಿದರೆ ಕೋವಿ ಸಿಡಿದು ಹೊಡೆಯುವವನ ಪ್ರಾಣಕ್ಕೇ ಬರುತ್ತದೆ. ನನ್ನ ಮೇಜಿನ ಮೇಲೆ ಕೆಲಸದ ವೇಳೆ ಒಂದೇ ಡಬ್ಬಿ ಇರುತ್ತದೆ.

ಇನ್ನು ನಿಮ್ಮ ಆ ಒಂದಿಂಚಿನ ಮೂರು ಗುಂಡು. ಅದು ಕೊಟ್ಟ ಸಂತೋಷ ನನಗೆ ಗೊತ್ತು, ಆದರೆ ಅದು ಪರೀಕ್ಷೆಯಾಗಲಿಲ್ಲ. ಅದೇ ಕೋವಿ, ಅದೇ ತೋಟಾ ಇಟ್ಟುಕೊಂಡು ಹತ್ತು ಗುಂಡು ಹೊಡೆದರೆ ಗುಂಪಿನ ಅಗಲ ಸರಾಸರಿಯಲ್ಲಿ ಮೂರು ಗುಂಡಿನದ್ದಕ್ಕಿಂತ ಒಂದೂವರೆ ಪಟ್ಟಿಗೂ ಮಿಕ್ಕಿ ಬರುತ್ತದೆ. ಕೋವಿ ಕೆಟ್ಟಿತು ಅಂತಲ್ಲ, ಮೂರು ಗುಂಡು ಪೂರ್ತಿ ಕಥೆ ಹೇಳುವುದೇ ಇಲ್ಲ. ಎರಡನೇ ವರ್ಷ ನಾನು ಇದನ್ನು ಅರಿಯದೆ ಇಡೀ ಬೇಸಿಗೆ ಕಳೆದೆ. ಮೂರು ಗುಂಡು ಹೊಡೆಯುವುದು, ಮದ್ದು ಒಂದು ಗ್ರೇನ್ ಏರಿಸುವುದು, ಮತ್ತೆ ಮೂರು. ಅಕ್ಟೋಬರ್ ಹೊತ್ತಿಗೆ ನಾಲ್ಕು ಬಗೆಯ ಮದ್ದು, ಎರಡು ಪ್ರೈಮರ್, ಮೂರು ವ್ಯಾಡ್ ಬದಲಿಸಿದ್ದೆ, ಪುಸ್ತಕದ ತುಂಬ ಅಂಕಿ. ಯಾವ ದಿನ ಎಷ್ಟು ತೇವ ಇತ್ತು, ಗುಂಡಿನ ನಡುವೆ ಒರೆಸಿದೆನೋ ಇಲ್ಲವೋ, ಒಂದು ಸಾಲೂ ಬರೆದಿರಲಿಲ್ಲ. ಆ ಪುಸ್ತಕದಿಂದ ಇಂದಿಗೂ ನನಗೆ ಒಂದು ತೀರ್ಮಾನವೂ ಸಿಕ್ಕಿಲ್ಲ.

ಹಾಗಾಗಿ ಒಮ್ಮೆಗೆ ಒಂದನ್ನೇ ಬದಲಿಸಿ. ಮೊದಲು ಒರೆಸುವ ಕ್ರಮ ಗಟ್ಟಿಯಾಗಲಿ, ಆಮೇಲೆ ಮಿಶ್ರಲೋಹ, ಆಮೇಲೆ ಒತ್ತು, ಕೊನೆಗೆ ಮದ್ದಿನ ತೂಕ. ಪ್ರತಿ ಬದಲಾವಣೆಗೂ ಹತ್ತು ಗುಂಡು. ಶುರುವಿನಲ್ಲಿ ಒಂದೆರಡು ಗುಂಡು ನಳಿಗೆಗೆ ಮಸಿ ಹಿಡಿಸಲೆಂದೇ ಬೇರೆ ಕಡೆ ಹೊಡೆಯಿರಿ, ಲೆಕ್ಕಕ್ಕೆ ಸೇರಿಸಬೇಡಿ. ವೇಗ ಅಳೆಯುವ ಕ್ರೋನೋಗ್ರಾಫ್ ಇದ್ದರೆ ಒಳ್ಳೆಯದು. ಇಂಥ ತೋಟಾಗೆ ಸೆಕೆಂಡಿಗೆ 1150ರಿಂದ 1200 ಅಡಿಯ ಸುತ್ತಮುತ್ತ ಬರುವುದು ಸಾಮಾನ್ಯ. ವೇಗ ಎಷ್ಟು ಅನ್ನುವುದಕ್ಕಿಂತ ಹತ್ತು ಗುಂಡಿನಲ್ಲಿ ಅತಿ ಹೆಚ್ಚು ಮತ್ತು ಅತಿ ಕಮ್ಮಿಯ ನಡುವಿನ ಅಂತರ ನೋಡಿ. 20 ಅಡಿಯೊಳಗೆ ಬಂದರೆ ತೃಪ್ತಿಪಡಿ. ಈ ಅಂತರ 100 ಗಜದಲ್ಲಿ ಕಾಣುವುದೇ ಇಲ್ಲ, 200 ಗಜದಿಂದಾಚೆ ಗುಂಡುಗಳು ಮೇಲೆ ಕೆಳಗೆ ಸಾಲಾಗಿ ಬೀಳತೊಡಗಿದಾಗ ಗೊತ್ತಾಗುತ್ತದೆ.

ನಿಮ್ಮಿಂದ ದಕ್ಷಿಣಕ್ಕೆ, ನ್ಯೂ ಮೆಕ್ಸಿಕೋ ಗಡಿ ದಾಟಿದೊಡನೆ ರಾಟನ್ ಹತ್ತಿರ ವಿಟಿಂಗ್‌ಟನ್ ಸೆಂಟರ್ ಇದೆ. ಕರಿಮದ್ದಿನ ರೈಫಲುಗಳ ಸಿಲುವೆಟ್ ಸ್ಪರ್ಧೆಗೆ ಹೆಸರಾದ ಜಾಗ. 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿ ಕೋಳಿ, 500ಕ್ಕೆ ಟಗರು, ಎಲ್ಲ ಉಕ್ಕಿನ ಆಕೃತಿಗಳು. ಸ್ಪರ್ಧಿಸದಿದ್ದರೂ ಒಮ್ಮೆ ಹೋಗಿ ಸಾಲಿನ ಹಿಂದೆ ಕುಳಿತು ಅವರ ಕೈ ನೋಡಿ. ಗುಂಡು ಹೊಡೆದ ಮೇಲೆ ಟಗರು ಬಿತ್ತೋ ಎಂದು ನೋಡುತ್ತ ಕೂರುವುದಿಲ್ಲ, ಕೈ ತಾನಾಗಿ ಪ್ಯಾಚಿಗೋ ಕೊಳವೆಗೋ ಹೋಗಿರುತ್ತದೆ.

ಮುಂದಿನ ಬಾರಿ ರೇಂಜಿಗೆ ಹೋಗುವಾಗ ಹಳೇ ಗುಂಡುಗಳನ್ನೇ ಒಯ್ಯಿರಿ, ಹೊಸದೇನೂ ಎರೆಯಬೇಡಿ. ಮಧ್ಯಾಹ್ನವೇ ಹೋಗಿ, ಒಣ ಹವೆಯಲ್ಲೇ. ಹತ್ತು ಗುಂಡು, ಒಂದೊಂದರ ನಂತರ ಒಂದು ಒದ್ದೆ, ಒಂದು ಒಣ ಪ್ಯಾಚು. ಖಾಲಿ ಕೇಸುಗಳನ್ನು ಅಲ್ಲೇ ಸೋಪುನೀರಿನ ಡಬ್ಬಿಗೆ ಹಾಕಿಬಿಡಿ, ಇಲ್ಲದಿದ್ದರೆ ಮನೆಗೆ ಬರುವಷ್ಟರಲ್ಲಿ ಹಿತ್ತಾಳೆ ಕಂದುತ್ತದೆ. ಹತ್ತು ರಂಧ್ರಗಳಲ್ಲಿ ದೂರದ ಎರಡರ ಅಂತರ ಅಳೆದು ಇಲ್ಲಿ ಬರೆಯಿರಿ, ಜೊತೆಗೆ ಏಳನೆಯದೋ ಎಂಟನೆಯದೋ ಪ್ಯಾಚಿನ ಫೋಟೋ ಹಾಕಿ. ಅದರ ಮೇಲೆ ಬೆಳ್ಳಿಯ ಚೂರು ಇದೆಯೋ ಇಲ್ಲವೋ ನೋಡಿ ವೀಲ್ ವೇಟಿನ ವಿಷಯ ಹೇಳುತ್ತೇನೆ.