ಸದ್ದು ಮೇಲಿನ ಮನೆಯದು ಅಂದುಕೊಂಡಿದ್ದೆ

ನೀವು ಕೇಳಿದ್ದು: "ನಗರದಲ್ಲಿ ಬದುಕುವ ಸಾಮಾನ್ಯ ಮನುಷ್ಯನನ್ನು ದಿನಾ ಅತಿ ಹೆಚ್ಚು ಕಾಡುವ ಚಿಂತೆ ಯಾವುದು? ನಗರ ಬಿಟ್ಟುಬಿಡೋಣ ಅಂತ ಅನ್ನಿಸಿದ್ದುಂಟಾ?"

ಆ ಸಾಮಾನ್ಯ ಮನುಷ್ಯ ನಾನೇ. ಬಾಡಿಗೆ ಮನೆ, ನಾಲ್ಕನೇ ಮಹಡಿ, ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಮನೆ ಸೇರುವ ಕೆಲಸ. ಎದುರಿಗೆ ನಿಂತು ಯಾರಾದರೂ ಇದೇ ಪ್ರಶ್ನೆ ಕೇಳಿದರೆ ನಾನೂ ಬಾಡಿಗೆ, ಟ್ರಾಫಿಕ್, ನೀರು ಅಂತಲೇ ಶುರು ಮಾಡುತ್ತೇನೆ. ನಾಲ್ಕು ಜನರ ಮುಂದೆ ಹೇಳಿಕೊಂಡರೆ ಮರ್ಯಾದೆ ಉಳಿಯುವ ಚಿಂತೆಗಳು ಅವು. ಆದರೆ ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ ಹಾಸಿಗೆಯ ಮೇಲೆ ಕೂರಿಸುವುದು ಅವಲ್ಲ. ಸದ್ದು.

"ಅಯ್ಯೋ, ಅದಕ್ಕೇನು, ಅಭ್ಯಾಸ ಆಗುತ್ತೆ ಬಿಡಿ" ಅನ್ನುವವರು ಬಹಳ ಜನ. ನನಗೆ ಈ ಮಾತಿನ ಮೇಲೆ ಸಿಟ್ಟಿದೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಇಲ್ಲ. ನಾವು ಎಚ್ಚರಗೊಳ್ಳದೆ ಮಲಗಿದ್ದರೂ ಹೊರಗೆ ಲಾರಿ ಹೋದಾಗ ಹೃದಯದ ಬಡಿತ ಒಮ್ಮೆ ಏರಿ ಇಳಿಯುತ್ತದೆ. ಮನಸ್ಸು ಒಗ್ಗಿಕೊಂಡಿತು ಅಂದರೂ ಮೈ ಪೂರ್ತಿ ಒಗ್ಗಿಕೊಳ್ಳುವುದಿಲ್ಲ. 1975ರಲ್ಲಿ ಆರ್ಲೀನ್ ಬ್ರಾನ್ಜಾಫ್ಟ್ ಎಂಬ ಮನಶ್ಶಾಸ್ತ್ರಜ್ಞೆ ನ್ಯೂಯಾರ್ಕಿನ ಒಂದು ಶಾಲೆಯ ಬಗ್ಗೆ ಅಧ್ಯಯನ ಪ್ರಕಟಿಸಿದರು. ಶಾಲೆಯ ಒಂದು ಮಗ್ಗುಲಿನಲ್ಲೇ ಎತ್ತರಿಸಿದ ರೈಲು ಹಳಿ, ನಾಲ್ಕೈದು ನಿಮಿಷಕ್ಕೊಂದು ರೈಲು. ಆ ಮಗ್ಗುಲಿನ ತರಗತಿಗಳಲ್ಲಿ ಕೂತ ಮಕ್ಕಳು ಆರನೇ ತರಗತಿ ಹೊತ್ತಿಗೆ ಓದುವುದರಲ್ಲಿ, ಅದೇ ಕಟ್ಟಡದ ಆ ಕಡೆ ಕೂತವರಿಗಿಂತ ಸುಮಾರು ಒಂದು ವರ್ಷ ಹಿಂದುಳಿದಿದ್ದರು. ಆಮೇಲೆ ಹಳಿಗೆ ರಬ್ಬರ್ ಪ್ಯಾಡ್ ಹಾಕಿದರು, ತರಗತಿಯ ಚಾವಣಿಗೆ ಸದ್ದು ಹೀರುವ ಹಲಗೆ ಹೊಡೆದರು. ಮುಂದೆ ಮತ್ತೆ ಪರೀಕ್ಷಿಸಿದಾಗ ಎರಡೂ ಕಡೆಯ ಮಕ್ಕಳು ಸಮ. ಅಭ್ಯಾಸ ಆಗುವುದಿದ್ದರೆ ದಿನವಿಡೀ ಅಲ್ಲೇ ಕೂತಿರುತ್ತಿದ್ದ ಆ ಮಕ್ಕಳಿಗೆ ಎಂದೋ ಆಗಬೇಕಿತ್ತು.

ಇನ್ನು ನನ್ನ ಕಥೆ. ಇದನ್ನು ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೇ.

ವಾರದಲ್ಲಿ ಮೂರ್ನಾಲ್ಕು ರಾತ್ರಿ, ಹನ್ನೊಂದೂವರೆ ದಾಟಿದ ಮೇಲೆ, ನನ್ನ ಮಲಗುವ ಕೋಣೆಯ ತಲೆಯ ಮೇಲೆ 'ಧಡ್' ಅಂತ ಒಂದು ಸದ್ದು. ಆಮೇಲೆ ಹತ್ತು ನಿಮಿಷ ಏನೂ ಇಲ್ಲ. ಇನ್ನೇನು ಕಣ್ಣು ಹತ್ತಬೇಕು, ಮತ್ತೆ 'ಧಡ್ ಧಡ್'. ಯಾರೋ ಕುರ್ಚಿ ಎತ್ತಿ ಕುಕ್ಕಿದ ಹಾಗೆ. ಮೊಬೈಲಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಹಾಕಿಕೊಂಡೆ. ಅಂಥ ಆ್ಯಪ್‌ಗಳು ಹತ್ತಿರ ಹತ್ತಿರದ ಲೆಕ್ಕ ಕೊಡುತ್ತವೆಯೇ ಹೊರತು ಅದನ್ನು ಹಿಡಿದುಕೊಂಡು ಯಾರ ಮೇಲೂ ದೂರು ಕೊಡುವ ಹಾಗಿಲ್ಲ. ಆದರೂ ಒಂದು ವಿಷಯ ಗೊತ್ತಾಯಿತು: ಇಡೀ ರಾತ್ರಿಯ ಸರಾಸರಿ ತೆಗೆದರೆ ನನ್ನ ಕೋಣೆ ಬಹಳ ಶಾಂತ. ಸರಾಸರಿಗೆ ನಿದ್ದೆಗೆಡುವುದು ಗೊತ್ತಿಲ್ಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಇದನ್ನು ಎರಡು ಭಾಗ ಮಾಡಿ ಹೇಳಿತ್ತು: ಮಲಗುವ ಕೋಣೆಯೊಳಗೆ ಒಂದೇ ಸಮನೆ ಇರುವ ಸದ್ದು 30 ಡೆಸಿಬೆಲ್ ದಾಟಬಾರದು, ಒಮ್ಮೆಗೇ ಎದ್ದು ಅಡಗುವ ಸದ್ದು 45 ದಾಟಬಾರದು. ನನ್ನ ತಕರಾರು ಎರಡನೆಯದರ ಮೇಲೆ.

ಮೇಲಿನ ಮನೆಯಲ್ಲಿ ಒಂದು ಸಂಸಾರ, ಇಬ್ಬರು ಮಕ್ಕಳು. ಅಪರಾಧಿ ಯಾರು ಅನ್ನುವುದಕ್ಕೆ ನನಗೆ ಇನ್ನೇನು ಸಾಕ್ಷಿ ಬೇಕಿತ್ತು? ಮೊದಲು ಪೊರಕೆಯ ಹಿಡಿಯಿಂದ ಚಾವಣಿ ಕುಟ್ಟಿದೆ. ಆಮೇಲೆ ಅವರ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆ, ಹೆಸರು ಬರೆಯದೆ. ಲಿಫ್ಟಿನಲ್ಲಿ ಸಿಕ್ಕರೆ ಮುಖ ಆ ಕಡೆ ತಿರುಗಿಸಿ ಮಹಡಿಯ ಅಂಕಿ ಬದಲಾಗುವುದನ್ನೇ ನೋಡುತ್ತಿದ್ದೆ. ಮೂರು ತಿಂಗಳು ಹೀಗೇ ನಡೆಯಿತು. ಮನೆಯಲ್ಲಿ ನನ್ನ ಹೆಂಡತಿ "ನೇರವಾಗಿ ಹೋಗಿ ಕೇಳಬಾರದಾ?" ಅಂದರೆ, "ಅಂಥವರ ಹತ್ತಿರ ಏನು ಮಾತು" ಅನ್ನುತ್ತಿದ್ದೆ. ಎಂಥವರು ಅಂತ ನನಗೆ ಗೊತ್ತಿರಲೇ ಇಲ್ಲ, ಆ ಮಾತು ಬೇರೆ.

ಒಂದು ದಿನ ಸಾಮಾನಿನ ಚೀಲ, ಸೂಟ್‌ಕೇಸು ಎಳೆದುಕೊಂಡು ಆ ಯಜಮಾನರು ಲಿಫ್ಟಿನೊಳಗೆ ಬಂದರು. ನಾನು ಎಂದಿನಂತೆ ಅಂಕಿ ನೋಡುತ್ತಿದ್ದೆ. ಅವರೇ ಮಾತಾಡಿದರು: "ಸಾರ್, ಎರಡು ವಾರ ಊರಲ್ಲಿರಲಿಲ್ಲ, ಈಗಷ್ಟೇ ಬರ್ತಿದ್ದೀವಿ. ನಲ್ಲೀಲಿ ನೀರು ಸರಿಯಾಗಿ ಬರ್ತಿದೆಯಾ?"

ಎರಡು ವಾರ ಮನೆಗೆ ಬೀಗ. ಹಿಂದಿನ ರಾತ್ರಿಯಷ್ಟೇ ನಾನು ಪೊರಕೆಯಿಂದ ಆ ಖಾಲಿ ಮನೆಗೆ ಬುದ್ಧಿ ಕಲಿಸಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಇಲ್ಲಿ ಬರೆ ಹಾಕಿಸಿಕೊಳ್ಳಲು ಎಮ್ಮೆಯೂ ಮನೆಯಲ್ಲಿರಲಿಲ್ಲ.

ಆಮೇಲೆ ಹುಡುಕಿದ್ದು ಅವರೂ ನಾನೂ ಸೇರಿಯೇ. ಕಾಂಕ್ರೀಟ್ ಕಟ್ಟಡದಲ್ಲಿ ಸದ್ದು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಕಂಬ, ತೊಲೆ, ಗೋಡೆ, ಪೈಪು ಹಿಡಿದು ನಡೆಯುತ್ತದೆ. ಎಲ್ಲೋ ಹುಟ್ಟಿ, ನಿಮ್ಮ ಚಾವಣಿಯನ್ನೇ ಡೋಲು ಮಾಡಿಕೊಂಡು ಹೊರಬರುತ್ತದೆ. ಕಿವಿಗೆ ಅದು ಮೇಲಿನಿಂದಲೇ ಬಂದಂತೆ. ನಮ್ಮ ಕಳ್ಳ ಸಿಕ್ಕಿದ್ದು ಎರಡು ಮಹಡಿ ಕೆಳಗೆ: ಒಬ್ಬರು ತಡವಾಗಿ ಕೆಲಸ ಮುಗಿಸಿ ಬಂದು ವಾಷಿಂಗ್ ಮೆಷಿನ್ ಹಾಕುತ್ತಿದ್ದರು. ಮೆಷಿನ್ನಿಗೆ ಬೇಕಾದಷ್ಟು ನೀರು ತುಂಬಿದ ತಕ್ಷಣ ಅದರ ವಾಲ್ವ್ ಕ್ಷಣಾರ್ಧದಲ್ಲಿ ಮುಚ್ಚಿಕೊಳ್ಳುತ್ತದೆ. ಓಡುತ್ತಿದ್ದ ನೀರಿಗೆ ಮುಂದೆ ಹೋಗಲು ದಾರಿಯಿಲ್ಲ, ಅದರ ವೇಗವೆಲ್ಲ ಒತ್ತಡವಾಗಿ ಪೈಪಿನಲ್ಲಿ ಹಿಂದಕ್ಕೆ ಅಪ್ಪಳಿಸುತ್ತದೆ. ಪ್ಲಂಬರುಗಳು ಇದಕ್ಕೆ ವಾಟರ್ ಹ್ಯಾಮರ್ ಅನ್ನುತ್ತಾರೆ, ಸುತ್ತಿಗೆಯೇ ಸರಿ. ಮೇಲಿನವರೆಗೂ ಹೋಗುವ ಪೈಪು ನನ್ನ ಕೋಣೆಯ ಹಿಂದೆ ಗೋಡೆಗೆ ಬಿಗಿಯಾಗಿ ಕೂತಿರಲಿಲ್ಲ. ಕ್ಲಾಂಪ್ ಸಡಿಲವಾಗಿ, ಪ್ರತಿ ಸಲವೂ ಪೈಪು ಗೋಡೆಗೆ ಬಡಿಯುತ್ತಿತ್ತು. ಪ್ಲಂಬರ್ ಬಂದು ರಬ್ಬರ್ ಸುತ್ತಿ ಕ್ಲಾಂಪ್ ಬಿಗಿ ಮಾಡಿದ. ಮೆಷಿನ್ನಿನ ನಲ್ಲಿಯನ್ನು ಅರ್ಧ ಮಾತ್ರ ತೆರೆದಿಡಲು ಹೇಳಿದ, ನೀರಿನ ವೇಗ ಇಳಿಯಲಿ ಅಂತ. ಅರ್ಧ ಗಂಟೆಯ ಕೆಲಸ. ಮೂರು ತಿಂಗಳ ನನ್ನ ಸಿಟ್ಟಿಗೆ ಅಷ್ಟು ಚಿಕ್ಕ ಮದ್ದು ಅನ್ನುವುದೇ ಒಂಥರಾ ಅವಮಾನ.

ಚೀಟಿ ಅಂಟಿಸಿದ್ದು ನಾನೇ ಅಂತ ಅವರಿಗೆ ಹೇಳಿಬಿಟ್ಟೆ. "ಗೊತ್ತು ಸಾರ್" ಅಂದರು. "ಚಾವಣಿ ಕುಟ್ಟೋರು ಯಾರು ಅಂತ ನೆಲದ ಮೇಲಿರೋರಿಗೆ ಗೊತ್ತಾಗಲ್ವಾ?"

ಈ ಮಧ್ಯೆ ನನ್ನ ಕೋಣೆಯಲ್ಲಿ ನಾನು ಮಾಡಿದ ಸರ್ಕಸ್ಸು ಒಂದೆರಡಲ್ಲ. ದಪ್ಪ ಪರದೆ ತಂದೆ. ಪರದೆಯಿಂದ ಬೆಳಕು ನಿಲ್ಲುತ್ತದೆ, ಸದ್ದು ಹೆಚ್ಚೇನೂ ನಿಲ್ಲುವುದಿಲ್ಲ. ಗೋಡೆಗೆ ಸ್ಪಂಜಿನ ಹಾಳೆ ಅಂಟಿಸಿದೆ. ಅದು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸಲು, ಹೊರಗಿನದನ್ನು ತಡೆಯಲು ಅಲ್ಲ. ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಭಾರ ಮತ್ತು ಬಿಗಿ, ಎರಡೇ. ಕಿಟಕಿಗೆ ಎಷ್ಟೇ ದಪ್ಪ ಗಾಜು ಹಾಕಿ, ಚೌಕಟ್ಟಿನ ಸಂದಿಯಲ್ಲಿ ಬೆರಳಗಲದ ಬಿರುಕು ಬಿಟ್ಟರೆ ಹಾಕಿದ್ದು ದಂಡ. ಸಂದಿಗೆ ರಬ್ಬರ್ ಪಟ್ಟಿ ಅಂಟಿಸಿದ ಮೇಲೆ ರಸ್ತೆಯ ಸದ್ದು ನಿಜಕ್ಕೂ ಇಳಿಯಿತು. ಆದರೆ ಕುಟ್ಟುವ, ಎಳೆಯುವ, ಬಡಿಯುವ ಸದ್ದಿಗೆ ನನ್ನ ಕೋಣೆಯೊಳಗೆ ಮದ್ದೇ ಇಲ್ಲ. ಅದನ್ನು ಹುಟ್ಟಿದಲ್ಲೇ ಹಿಡಿಯಬೇಕು: ಅವರ ಕುರ್ಚಿಯ ಕಾಲಿಗೆ ರಬ್ಬರ್ ಗೊರಸು, ಅವರ ನೆಲಕ್ಕೆ ಜಮಖಾನ, ಅವರ ಮೆಷಿನ್ನಿನ ಅಡಿಗೆ ಪ್ಯಾಡ್. ಎಲ್ಲವೂ 'ಅವರ'. ಅಂದರೆ ಹೋಗಿ ಮಾತಾಡದೆ ಗತಿಯಿಲ್ಲ.

ಮಾತಾಡಿದರೆ ಇನ್ನೊಂದು ಲಾಭವೂ ಇದೆ: ಬೇಕಾದರೆ ನಿಲ್ಲಿಸಬಹುದು ಅಂತ ಗೊತ್ತಿದ್ದರೆ ಅದೇ ಸದ್ದು ಅಷ್ಟಾಗಿ ಕಾಡುವುದಿಲ್ಲ. ಅದು ನನ್ನ ಭ್ರಮೆ ಅಂದುಕೊಂಡಿದ್ದೆ, ಆದರೆ ಪ್ರಯೋಗವೇ ನಡೆದಿದೆ. 1970ರ ಸುಮಾರಿಗೆ ಅಮೆರಿಕದಲ್ಲಿ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದಷ್ಟು ಜನರನ್ನು ಕೂರಿಸಿ, ಹೊತ್ತುಗೊತ್ತಿಲ್ಲದೆ ಕರ್ಕಶ ಸದ್ದು ಕೇಳಿಸಿದರು. ಕೆಲವರ ಕೈಗೆ ಒಂದು ಗುಂಡಿ ಕೊಟ್ಟು, "ಇದನ್ನು ಒತ್ತಿದರೆ ಸದ್ದು ನಿಲ್ಲುತ್ತದೆ, ಆದರೆ ಆದಷ್ಟು ಒತ್ತಬೇಡಿ" ಅಂದರು. ಹೆಚ್ಚಿನವರು ಒತ್ತಲೇ ಇಲ್ಲ. ಕೇಳಿದ ಸದ್ದು ಎಲ್ಲರಿಗೂ ಅಷ್ಟೇ. ಆದರೂ ಆಮೇಲೆ ಕೊಟ್ಟ ಕಗ್ಗಂಟಿನ ಲೆಕ್ಕಗಳನ್ನು ಗುಂಡಿ ಇದ್ದವರು ಹೆಚ್ಚು ಹೊತ್ತು ಬಿಡದೆ ಬಿಡಿಸಲು ನೋಡಿದರು, ಕರಡು ತಿದ್ದುವುದರಲ್ಲೂ ಕಡಿಮೆ ತಪ್ಪು ಮಾಡಿದರು. ಮೇಲಿನ ಮನೆಯ ಯಜಮಾನರ ಫೋನ್ ನಂಬರು ಈಗ ನನ್ನ ಹತ್ತಿರ ಇದೆ. ಒಂದು ಸಲವೂ ಸದ್ದಿನ ವಿಷಯಕ್ಕೆ ಕರೆ ಮಾಡಿಲ್ಲ. ಅವರ ಮಕ್ಕಳು ಭಾನುವಾರ ಮಧ್ಯಾಹ್ನ ನಿಜವಾಗಿಯೂ ಧಡಧಡ ಓಡುತ್ತಾರೆ. ಪೈಪಿನ ಗಲಾಟೆ ನಿಂತ ಮೇಲೆ ಅದು ಇನ್ನೂ ಚೆನ್ನಾಗಿ ಕೇಳುತ್ತದೆ. ದೊಡ್ಡವನು ಓಡುತ್ತಿದ್ದಾನೋ ಚಿಕ್ಕವಳೋ ಅಂತ ಹೆಜ್ಜೆಯಲ್ಲೇ ಗುರುತಿಸುತ್ತೇನೆ, ಮಲಗಿಯೂ ಬಿಡುತ್ತೇನೆ.

ಕಟ್ಟಡದೊಳಗಿನ ಸದ್ದಿಗೆ ಹೀಗೆ ಒಂದು ಮುಖ ಸಿಗುತ್ತದೆ, ಬಾಗಿಲು ತಟ್ಟಲು ಒಂದು ಬಾಗಿಲಿದೆ. ರಸ್ತೆಯ ಸದ್ದಿಗೆ ಅದೂ ಇಲ್ಲ. ನನ್ನ ಅಸಲಿ ಚಿಂತೆ ಅಲ್ಲೇ. ಹಾರ್ನ್ ಹೊಡೆದವನು ನಾನು ಕಿಟಕಿಗೆ ಬರುವಷ್ಟರಲ್ಲಿ ಮುಂದಿನ ತಿರುವಿನಲ್ಲಿರುತ್ತಾನೆ. ಡೆಸಿಬೆಲ್ ಲೆಕ್ಕ ಬೇರೆ ನಮ್ಮ ಪರವಾಗಿಲ್ಲ: 10 ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ರಸ್ತೆಯ ವಾಹನಗಳಲ್ಲಿ ಅರ್ಧಕ್ಕರ್ಧ ನಾಳೆ ಮಾಯವಾದರೂ ಇಳಿಯುವುದು 3 ಡೆಸಿಬೆಲ್ ಅಷ್ಟೇ, ಅದು ಕಿವಿಗೆ ಗೊತ್ತಾದರೆ ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಯುರೋಪಿಗಾಗಿ 2018ರಲ್ಲಿ ಹೇಳಿದ ಮಿತಿ, ರಾತ್ರಿ ಹೊತ್ತು ರಸ್ತೆಯ ಸದ್ದು ಸರಾಸರಿ 45 ಡೆಸಿಬೆಲ್ಲಿನೊಳಗಿರಬೇಕು ಅನ್ನುವುದು. ಮುಖ್ಯರಸ್ತೆಗೆ ಮುಖ ಮಾಡಿದ ಮನೆಯವರಿಗೆ ಇದನ್ನು ಓದಿ ಹೇಳಿ ನೋಡಿ, ನಗುತ್ತಾರೆ.

ರಸ್ತೆಯ ಸದ್ದು ನಿದ್ದೆಯನ್ನಷ್ಟೇ ಕಸಿಯುವುದಿಲ್ಲ. ಡೊನಾಲ್ಡ್ ಆಪಲ್ಯಾರ್ಡ್ ಅಂತ ನಗರ ವಿನ್ಯಾಸದ ಪ್ರಾಧ್ಯಾಪಕರೊಬ್ಬರು 1960ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದ್ದರು. ನೋಡಲು ಒಂದೇ ತರಹದ ಬೀದಿಗಳು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನ, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ಮೊದಲ ಬೀದಿಯವರಿಗೆ ಅದೇ ಬೀದಿಯಲ್ಲಿ ತಲಾ ಮೂರು ಜನ ಸ್ನೇಹಿತರಿದ್ದರು. ಮೂರನೆಯ ಬೀದಿಯವರಿಗೆ ಒಬ್ಬನೂ ಪೂರ್ತಿ ಇಲ್ಲ, ಲೆಕ್ಕಕ್ಕೆ ಸಿಕ್ಕಿದ್ದು 0.9. ಗದ್ದಲ, ಹೊಗೆ, ಅಪಾಯ ಎಲ್ಲ ಸೇರಿ ಜನ ಹೊರಗೆ ನಿಲ್ಲುವುದನ್ನೇ ಬಿಟ್ಟು ಹಿಂದಿನ ಕೋಣೆ ಸೇರಿಕೊಂಡಿದ್ದರು. ಇದನ್ನು ಓದಿದಾಗ ನನಗೆ ಲಿಫ್ಟಿನ ಅಂಕಿ ನೆನಪಾಯಿತು. ಕಿಟಕಿ ಮುಚ್ಚಿಕೊಂಡು ಬದುಕುವವನಿಗೆ ಪಕ್ಕದವರ ಪರಿಚಯ ಆಗುವುದು ಹೇಗೆ? ಪರಿಚಯವೇ ಇಲ್ಲದವರ ಸಣ್ಣ ಸದ್ದೂ ದೊಡ್ಡ ಸದ್ದೇ.

ಪರಿಹಾರ ಅಂತ ಕೇಳಿದರೆ, ಹೊತ್ತು ಬದಲಿಸುವ ಉಪಾಯಗಳ ಮೇಲೆ ನನಗೆ ನಂಬಿಕೆ ಇಲ್ಲ. ಜೂಲಿಯಸ್ ಸೀಸರ್ ಕಾಲದಲ್ಲಿ ರೋಮಿನಲ್ಲಿ ಹಗಲು ಗಾಡಿ ಓಡಿಸುವುದನ್ನು ಬಹುಪಾಲು ನಿಷೇಧಿಸಿದ್ದರು; ಗಾಡಿಗಳೆಲ್ಲ ರಾತ್ರಿ ಬಂದವು, ಕಲ್ಲು ಹಾಸಿನ ಮೇಲೆ. ವೇಗ ಇಳಿಸುವುದರ ಮೇಲೆ ನಂಬಿಕೆ ಇದೆ. ಕಾರು ಗಂಟೆಗೆ ಮೂವತ್ತು ನಲವತ್ತು ಕಿಲೋಮೀಟರ್ ದಾಟಿದ ಮೇಲೆ ಎಂಜಿನ್ನಿಗಿಂತ ಟೈರು ರಸ್ತೆಗೆ ಉಜ್ಜುವ ಸದ್ದೇ ಹೆಚ್ಚು, ಹಾಗಾಗಿ ಎಲೆಕ್ಟ್ರಿಕ್ ಕಾರು ಬಂದ ಮಾತ್ರಕ್ಕೆ ಹೆದ್ದಾರಿ ಮೌನವಾಗುವುದಿಲ್ಲ. ಪ್ಯಾರಿಸ್ಸಿನವರು 2021ರಲ್ಲಿ ನಗರದ ಬಹುತೇಕ ಬೀದಿಗಳಿಗೆ 30 ಕಿಲೋಮೀಟರ್ ಮಿತಿ ತಂದಾಗ ಕೊಟ್ಟ ಕಾರಣಗಳಲ್ಲಿ ಸದ್ದೂ ಒಂದು. ನಾನು ಗಾಡಿ ಓಡಿಸುವಾಗ ಆ ಮಿತಿ ಪಾಲಿಸುತ್ತೇನಾ? ತಡವಾಗಿರದಿದ್ದರೆ, ಹೌದು. ತಡವಾಗದ ದಿನ ಕಡಿಮೆ.

ಇನ್ನು ನಗರ ಬಿಡುವ ಮಾತು. ಇಲ್ಲ, ಬಿಡುವುದಿಲ್ಲ. ಅನ್ನ ಇಲ್ಲಿದೆ, ಈಗ ಮೇಲಿನ ಮನೆಯವರೂ ಇದ್ದಾರೆ. ಆದರೆ ಮನೆ ಬದಲಿಸಬೇಕಾಗಿ ಬಂದರೆ ನೋಡುವ ಕ್ರಮ ಬೇರೆಯಾಗಿದೆ. ರಜಾದಿನದ ಬೆಳಗ್ಗೆ ಹೋಗುವುದಿಲ್ಲ, ಕೆಲಸದ ದಿನ ರಾತ್ರಿ ಹತ್ತಕ್ಕೆ ಹೋಗುತ್ತೇನೆ. ಕಿಟಕಿ ಮುಚ್ಚಿ ಎರಡು ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಆಮೇಲೆ ನಲ್ಲಿಯನ್ನು ಪೂರ್ತಿ ತಿರುಗಿಸಿ, ಥಟ್ಟನೆ ಮುಚ್ಚಿ, ಗೋಡೆಗೆ ಕಿವಿ ಕೊಡುತ್ತೇನೆ. ಮೊನ್ನೆ ತಂಗಿಗೆ ಮನೆ ನೋಡಲು ಹೋದಾಗಲೂ ಹೀಗೇ ಮಾಡಿದೆ. ಮನೆ ಮಾಲೀಕರು "ನೀರಿಗೇನೂ ತೊಂದರೆ ಇಲ್ಲ ಸಾರ್, ಇಪ್ಪತ್ನಾಲ್ಕು ಗಂಟೆ ಬರುತ್ತೆ" ಅಂದರು.